ಅಮ್ಮನ ಕಣ್ಣಿಗೆ ಬಿದ್ದ ಮೊದಲ ಮಿಂಚು

ಆ ದಿನ ಬೆಳಿಗ್ಗೆಯಿಂದ ಪುಟ್ಟಿಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅಣ್ಣನ ಮದುವೆಯ ಸಂಭ್ರಮ ಮನೆಮಂದಿಗೆಲ್ಲ ಇದ್ದದ್ದೇ. ಇವಳ ಕುಣಿತಕ್ಕೆ ಕಾರಣ ಬೇರೆ: ಮದುವೆಯ ಕ್ಯಾಮೆರಾ ಇವತ್ತು ಇವಳ ಕುತ್ತಿಗೆಯಲ್ಲಿತ್ತು. ಐದು ವರ್ಷ ಅಪ್ಪನ ಹಿಂದೆ ಲೈಟಿನ ಸ್ಟ್ಯಾಂಡ್, ಬೆಳಕು ಹರಡುವ ಬಿಳಿ ಕೊಡೆ ಹೊತ್ತು, "ಆ ಕೊಡೆ ಸ್ವಲ್ಪ ಮೇಲೆ, ಮೇಲೆ ಅಂದ್ರೆ ಮೇಲೆ!" ಎಂದು ಬೈಸಿಕೊಂಡವಳು. ಆದರೆ ಇವತ್ತು ಅಪ್ಪ ಮದುಮಗನ ತಂದೆ. ಮದುಮಗನ ತಂದೆ ಫೋಟೊದ ಒಳಗೆ ಇರಬೇಕು, ಕ್ಯಾಮೆರಾದ ಹಿಂದೆ ಅಲ್ಲ. ಹಾಗಾಗಿ ಊರಿನ ಅರ್ಧ ಮದುವೆಗಳ ಫೋಟೊ ತೆಗೆದ ಸ್ಟುಡಿಯೋ ಯಜಮಾನರು ಹೊಸ ಕೋಟು ತೊಟ್ಟು, ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮಗಳ ಸುತ್ತಲೇ ಸುಳಿದಾಡುತ್ತಿದ್ದರು.

"ಎರಡೂ ಮೆಮೊರಿ ಕಾರ್ಡ್ ಖಾಲಿ ಮಾಡಿದ್ದೀಯಾ?"

"ಮಾಡಿದ್ದೀನಿ ಅಪ್ಪಾ."

"ಬ್ಯಾಟರಿ?"

"ಆರು ಇದೆ. ನೀವು ಹೋಗಿ ನೆಂಟರನ್ನ ಮಾತಾಡಿಸಿ."

"ಫ್ಲ್ಯಾಶ್ ಆಟೋದಲ್ಲೇ ಇರ್ಲಿ. ಅದರ ತಂಟೆಗೆ ಹೋಗ್ಬೇಡ."

ಅದರ ತಂಟೆಗೆ ಹೋಗುವಂತೆಯೇ ಇರಲಿಲ್ಲ. ಆಟೋ ಎಂದರೆ ಎಷ್ಟು ಬೆಳಕು ಬೇಕೆಂದು ಫ್ಲ್ಯಾಶ್ ತಾನೇ ಅಳೆದುಕೊಂಡು ಮಿಂಚುವ ವ್ಯವಸ್ಥೆ. ಇಪ್ಪತ್ತು ವರ್ಷದ ಹಿಂದೆ ಅಂಥ ಮೊದಲನೆಯ ಫ್ಲ್ಯಾಶ್ ತಂದ ದಿನವೇ ಅಪ್ಪ ಅದನ್ನು ಆಟೋಗೆ ಹಾಕಿ, ಯಾರೂ ಕೈಯಾಡಿಸದಂತೆ ಗುಂಡಿಯ ಮೇಲೆ ಕಪ್ಪು ಟೇಪು ಮೆತ್ತಿಬಿಟ್ಟಿದ್ದರು. ಆಮೇಲೆ ಫ್ಲ್ಯಾಶ್ ಎರಡು ಸಲ ಬದಲಾಯಿತು, ಟೇಪಿನ ಪದ್ಧತಿ ಮಾತ್ರ ಬದಲಾಗಲಿಲ್ಲ.

ಮೇಕಪ್ ಕೋಣೆಯ ಬಾಗಿಲಲ್ಲಿ ಅಣ್ಣ ಅವಳನ್ನು ತಡೆದು ನಿಲ್ಲಿಸಿದ. ಕೋಟಿನ ಗುಂಡಿ ಹಾಕುತ್ತಾ, ಯಾರಿಗೂ ಕೇಳಿಸದಂತೆ ಹೇಳಿದ:

"ಸಾವಿರ ಫೋಟೊ ತೆಗಿ, ಎಲ್ಲ ಕೆಟ್ಟು ಹೋಗ್ಲಿ, ನಾನು ಕೇಳಲ್ಲ. ಅಮ್ಮ ಕಣ್ಣು ಬಿಟ್ಕೊಂಡು ನನ್ನ ಪಕ್ಕ ನಿಂತಿರೋ ಒಂದು ಫೋಟೊ ಮಾತ್ರ ಬೇಕು ಪುಟ್ಟಿ."

ಇವನು ಕೇಳಿದ್ದು ಸಣ್ಣದಲ್ಲ. ಅಮ್ಮನ ಕಣ್ಣಿನ ಕತೆ ನೆಂಟರಿಗೆಲ್ಲ ಗೊತ್ತಿತ್ತು. ಯಾವ ಫೋಟೊ ತೆಗೆದರೂ ಅಮ್ಮನ ಕಣ್ಣು ಮುಚ್ಚಿರುತ್ತಿತ್ತು. "ಕಣ್ಣು ಬಿಡು ಅಂದ್ರೆ ಬಿಡೋಕೆ ಏನು ಕಷ್ಟ ನಿಂಗೆ?" ಎಂದು ಅಪ್ಪ ನೆಂಟರ ಎದುರೇ ರೇಗುತ್ತಿದ್ದರು. ಚಿಕ್ಕಪ್ಪನಂತೂ "ಅತ್ತಿಗೆ, ಫೋಟೊ ಮುಗೀತು, ಎದ್ದೇಳಿ" ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅಮ್ಮನೂ ಜೊತೆಗೆ ನಗುತ್ತಿದ್ದಳು. ಎಂಟು ವರ್ಷದ ಹಿಂದೆ ಸ್ಟುಡಿಯೋದ ಗಾಜಿನ ಕಪಾಟಿನಲ್ಲಿ ಮನೆಯವರ ದೊಡ್ಡ ಫೋಟೊ ನೋಡಿದ ಗಿರಾಕಿಯೊಬ್ಬರು "ಇವರಿಗೆ ಹುಷಾರಿಲ್ವಾ?" ಎಂದು ಕೇಳಿದರು. ಅವತ್ತು ಅಮ್ಮ ನಗಲಿಲ್ಲ. ಸ್ಟೂಲು ಹಾಕಿಕೊಂಡು ಹತ್ತಿ ಆ ಫೋಟೊ ಇಳಿಸಿದಳು. ಅಂದಿನಿಂದ ಯಾರ ಕ್ಯಾಮೆರಾದ ಮುಂದೆಯೂ ನಿಂತಿರಲಿಲ್ಲ.

ತಮಾಷೆ ಏನೆಂದರೆ, ಬೇರೆಯವರ ಕಣ್ಣು ಸರಿಮಾಡುವುದೇ ಅಮ್ಮನ ಕೆಲಸ. ಸ್ಟುಡಿಯೋದ ಒಳಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಫೋಟೊ ತಿದ್ದುವ ರೀಟಚಿಂಗ್ ಕೆಲಸ ಮಾಡುವವಳು ಅವಳೇ. ಗುಂಪಿನಲ್ಲಿ ಯಾರಾದರೂ ಕಣ್ಣು ಮುಚ್ಚಿದ್ದರೆ, ಮುಂದಿನ ಫೋಟೊದಿಂದ ಅವರದೇ ತೆರೆದ ಕಣ್ಣು ತಂದು ಕೂರಿಸುತ್ತಿದ್ದಳು. ಅದೆಂಥ ನಯ ಎಂದರೆ, ಕಣ್ಣಿನ ಒಡೆಯರಿಗೇ ಗೊತ್ತಾಗುತ್ತಿರಲಿಲ್ಲ. ತನಗೆ ತಂದು ಕೂರಿಸಲು ಮಾತ್ರ ಒಂದು ಜೊತೆ ತೆರೆದ ಕಣ್ಣು ಸಿಗಲಿಲ್ಲ. ಒಮ್ಮೆ ತನ್ನ ಮದುವೆಯ ಹಳೇ ಫೋಟೊದಿಂದ ಕಣ್ಣು ತೆಗೆದು ಹಾಕಿ ನೋಡಿದ್ದಳು. ನಲವತ್ತರ ಮುಖದಲ್ಲಿ ಇಪ್ಪತ್ತರ ಹುಡುಗಿಯ ಕಣ್ಣು! ನೋಡಿ ನಕ್ಕು, ತಕ್ಷಣ ಅಳಿಸಿಹಾಕಿದಳು. ಪಕ್ಕದಲ್ಲಿ ಕೂತಿದ್ದ ಪುಟ್ಟಿಗೆ ಆ ನಗು ಇನ್ನೂ ನೆನಪಿತ್ತು.

ಇವತ್ತಿನ ಫೋಟೊಗೆ ಅಮ್ಮನನ್ನು ಒಪ್ಪಿಸುವಷ್ಟರಲ್ಲಿ ಅಣ್ಣನಿಗೆ ಸಾಕುಬೇಕಾಗಿತ್ತು. ಕೊನೆಗೂ ಒಪ್ಪಿದಳು, ಷರತ್ತಿನ ಮೇಲೆ. "ಒಂದೇ ಒಂದು ಸಲ ನಿಲ್ತೀನಿ. ಮುಚ್ತೋ, ಮುಚ್ತು. ಇನ್ನೊಂದು ಇನ್ನೊಂದು ಅಂತ ಎಲ್ಲರ ಮುಂದೆ ನನ್ನ ನಿಲ್ಲಿಸ್ಬಾರ್ದು."

ಅಮ್ಮ ಹಿಡಿದ ಪಟ್ಟು ಬಿಡುವವಳಲ್ಲ. ಒಂದು ಅಂದರೆ ಒಂದೇ.

ಮೇಕಪ್ ಕೋಣೆಯಲ್ಲಿ ದೊಡ್ಡ ಕಿಟಕಿಯಿತ್ತು. ಬಿಳಿ ಪರದೆಯಿಂದ ಸೋಸಿ ಬರುತ್ತಿದ್ದ ಬೆಳಕು ಕಂಡದ್ದೇ ಪುಟ್ಟಿ ಎಲ್ಲವನ್ನೂ ಮರೆತಳು. ಫ್ಲ್ಯಾಶ್ ಕಳಚಿ ಮೇಜಿನ ಮೇಲಿಟ್ಟಳು. ಇಂಥ ಬೆಳಕಿಗೆ ಫ್ಲ್ಯಾಶ್ ಹೊಡೆಯುವುದು ಪಾಪದ ಕೆಲಸ ಎಂಬುದು ಅವಳ ನಂಬಿಕೆ. ಬಿಸಿಲಿನಲ್ಲೂ ಹೊಡೆಯಬೇಕು ಎಂಬುದು ಅಪ್ಪನ ನಂಬಿಕೆ. ಮದುಮಗಳನ್ನು ಕಿಟಕಿಗೆ ಓರೆಯಾಗಿ ಕೂರಿಸಿ, ನೆರಳಿನ ಕೆನ್ನೆಗೂ ಬೆಳಕು ತಾಗಲೆಂದು ಬಿಳಿ ಹಲಗೆ ಹಿಡಿಸಿ, "ಅತ್ತಿಗೆ, ಗದ್ದ ಒಂಚೂರು ಕೆಳಗೆ... ಹಾಂ, ಹಾಗೇ!" ಎಂದು ಪಟಪಟ ಹತ್ತು ಹೊಡೆದಳು. ಹಿಂದೆ ನಿಂತ ಅಮ್ಮ ಸೊಸೆಯ ಕೂದಲಿಗೆ ಪಿನ್ನು ಸಿಕ್ಕಿಸುತ್ತಿದ್ದಳು. ತಾನು ಫೋಟೊದಲ್ಲಿ ಬರುತ್ತಿದ್ದೇನೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಫೋಕಸ್ ನೋಡಲು ಪುಟ್ಟಿ ಕ್ಯಾಮೆರಾದ ಪರದೆಯಲ್ಲಿ ಚಿತ್ರ ದೊಡ್ಡದು ಮಾಡಿದಳು. ಅಂಚಿನಲ್ಲಿ ಅಮ್ಮ, ಮಗಳ ಕೆಲಸ ನೋಡುತ್ತಾ ನೇರ ಲೆನ್ಸಿನ ಕಡೆಗೇ ಕಣ್ಣಿಟ್ಟಿದ್ದಾಳೆ. ಎರಡೂ ಕಣ್ಣು ಅಗಲಕ್ಕೆ ತೆರೆದಿವೆ.

ಮುಂದಿನದರಲ್ಲೂ ತೆರೆದಿತ್ತು. ಅದರ ಮುಂದಿನದರಲ್ಲೂ. ಅಣ್ಣ ಪಕ್ಕದಲ್ಲಿಲ್ಲದ, ಮದುಮಗಳ ಭುಜದ ಹಿಂದಿನಿಂದ ಇಣುಕುವ ಮುಖ ಅದು, ಆದರೂ ಪುಟ್ಟಿ ಎಲ್ಲವನ್ನೂ ಇನ್ನೊಮ್ಮೆ ತಿರುವಿ ನೋಡಿದಳು. ಮದುವೆಯ ಹಳೇ ಫೋಟೊದಲ್ಲೂ ಅಮ್ಮನ ಕಣ್ಣು ತೆರೆದಿತ್ತಲ್ಲ! ಕೂಸಾಗಿದ್ದ ಅಣ್ಣನನ್ನು ಎತ್ತಿಕೊಂಡ ಫೋಟೊದಲ್ಲೂ ತೆರೆದಿತ್ತು. ಹಾಗಾದರೆ ಮುಚ್ಚತೊಡಗಿದ್ದು ಯಾವಾಗಿನಿಂದ? ಅವಳ ಕಣ್ಣು ಮೇಜಿನ ಮೇಲಿದ್ದ ಫ್ಲ್ಯಾಶಿನ ಮೇಲೆ, ಅದರ ಕಪ್ಪು ಟೇಪಿನ ಮೇಲೆ ನಿಂತಿತು.

ಅಷ್ಟರಲ್ಲಿ ಅಪ್ಪ ಬಾಗಿಲು ತಟ್ಟಿ ತಲೆ ತೂರಿಸಿದರು. "ಆಯ್ತಾ? ಎಲ್ಲ ಕಾಯ್ತಿದ್ದಾರೆ."

"ಒಂದ್ನಿಮಿಷ ಅಪ್ಪಾ. ಅಮ್ಮಾ, ಫ್ಲ್ಯಾಶ್ ಹೊಡೆದಾಗ ನಿಂಗೆ ಏನು ಕಾಣುತ್ತೆ?"

"ಇದೇನು ಪ್ರಶ್ನೆ? ಬೆಳಕು ಕಾಣುತ್ತೆ."

"ಎಷ್ಟು ಸಲ?"

"ಎರಡು ಸಲ," ಅಂದಳು ಅಮ್ಮ, ಬಾಯಲ್ಲಿ ಕಚ್ಚಿಕೊಂಡಿದ್ದ ಪಿನ್ನು ತೆಗೆದು. "ಮೊದಲು ಸಣ್ಣದೊಂದು, ಆಮೇಲೆ ದೊಡ್ಡದು. ಯಾಕೆ, ಎಲ್ಲರಿಗೂ ಹಾಗೇ ಅಲ್ವಾ?"

ಎಲ್ಲರಿಗೂ ಹಾಗಲ್ಲ. ಆಟೋದಲ್ಲಿರುವ ಫ್ಲ್ಯಾಶ್ ಬೆಳಕು ಅಳೆಯಲು ಮೊದಲು ಚಿಕ್ಕದೊಂದು ಮಿಂಚು ಬಿಟ್ಟು, ಆಮೇಲೆ ದೊಡ್ಡದನ್ನು ಬಿಡುತ್ತದೆ. ಸಾಮಾನ್ಯರ ಕಣ್ಣಿಗೆ ಎರಡೂ ಒಂದೇ ಆಗಿ ಕಾಣುವಷ್ಟು ಬೇಗ ಅದು ಮುಗಿದುಹೋಗುತ್ತದೆ. ಆದರೆ ಗೋಡೆಯಗಲದ ಚಿತ್ರದಲ್ಲಿ ಸಾಸಿವೆಗಿಂತ ಸಣ್ಣ ಧೂಳಿನ ಚುಕ್ಕೆ ಹುಡುಕುವ ಕಣ್ಣು ಅಮ್ಮನದು. ಮೊದಲ ಮಿಂಚಿಗೇ ಅದು ರೆಪ್ಪೆ ಇಳಿಸಿಬಿಡುತ್ತಿತ್ತು, ಎರಡನೆಯದು ಬಂದು ಫೋಟೊ ಬೀಳುವಾಗ ಮುಚ್ಚಿಯೇ ಇರುತ್ತಿತ್ತು. ಮೊಬೈಲಿನವರ ಫ್ಲ್ಯಾಶ್ ಕೂಡ ಮೊದಲೇ ಬೆಳಗಿ ಇದೇ ಆಟ ಆಡುತ್ತಿತ್ತು.

"ಅಪ್ಪಾ, ಅಮ್ಮನ ಕಣ್ಣು ಸರಿಯಾಗಿದೆ. ಅದು ಎಲ್ಲರಿಗಿಂತ ಚುರುಕು, ಅಷ್ಟೇ! ಇಪ್ಪತ್ತು ವರ್ಷದಿಂದ ನಿಮ್ಮ ಟೇಪು ಮುಚ್ಚಿಸ್ತಿದೆ!"

ಅಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತರು. "ಎರಡು ಬರುತ್ತೆ ಅಂತ ನಂಗೆ ಗೊತ್ತು. ಅದು ಯಾರ ಕಣ್ಣಿಗಾದ್ರೂ ಕಾಣುತ್ತೆ ಅಂತ ಗೊತ್ತಿರ್ಲಿಲ್ಲ." ಅಮ್ಮನ ಕಡೆ ತಿರುಗಿದರು. "ನೀನಾದ್ರೂ ಹೇಳ್ಬಾರ್ದಿತ್ತಾ?"

"ಯಾಕೆ ಮುಚ್ತೀಯ ಅಂತ ಬೈದ್ರಿ. ಏನು ಕಾಣುತ್ತೆ ಅಂತ ಯಾವತ್ತು ಕೇಳಿದ್ರಿ?" ಅಂದಳು ಅಮ್ಮ. ಸಿಟ್ಟಿನಿಂದ ಹೇಳಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅಪ್ಪನಿಗೆ ಬೈಗುಳಕ್ಕಿಂತ ಅದೇ ಹೆಚ್ಚು ಚುಚ್ಚಿತು.

ಆದರೆ ಕೊರಗುತ್ತಾ ಕೂರಲು ಸಮಯವೆಲ್ಲಿತ್ತು? ಹದಿನಾಲ್ಕು ಜನರ ಗುಂಪು, ಸಭಾಂಗಣದ ವೇದಿಕೆ ಮಂದ ಬೆಳಕಿನದು, ಕಿಟಕಿಗಳೆಲ್ಲ ಹಿಂದೆ. ಫ್ಲ್ಯಾಶ್ ಇಲ್ಲದೆ ಸಾಧ್ಯವೇ ಇರಲಿಲ್ಲ. ಅದನ್ನು ಮ್ಯಾನ್ಯುಯಲ್‌ಗೆ ಹಾಕಬೇಕು, ಎಷ್ಟು ಬೆಳಕೆಂದು ಕೈಯಿಂದಲೇ ಇಡಬೇಕು. ಆಗ ಅಳತೆಯ ಮಿಂಚು ಇರುವುದಿಲ್ಲ, ಒಂದೇ ಒಂದು ಬೀಳುತ್ತದೆ. ಲೆಕ್ಕ ತಪ್ಪಿದರೆ ಮುಖಗಳೆಲ್ಲ ಸುಣ್ಣ, ಇಲ್ಲವೇ ಮಸಿ.

"ಇರೋದು ಒಂದೇ ಸಲ ಪುಟ್ಟಿ," ಅಂದರು ಅಪ್ಪ. ದನಿ ಇಳಿದಿತ್ತು.

"ಅದಕ್ಕೇ ನೀವು ಬಂದು ಅಮ್ಮನ ಜಾಗದಲ್ಲಿ ನಿಂತ್ಕೊಳ್ಳಿ. ಅಳತೆ ನಿಮ್ಮ ಮೇಲೆ ನೋಡ್ಕೋತೀನಿ."

ಅಪ್ಪ ಮೇಜಿನ ಮೇಲಿದ್ದ ಫ್ಲ್ಯಾಶ್ ಎತ್ತಿಕೊಂಡರು. ಉಗುರಿನಿಂದ ಟೇಪಿನ ಅಂಚು ಕೆರೆದು, ಪರ್ರೆಂದು ಎಳೆದು, ಮುದ್ದೆ ಮಾಡಿ ಹೊಸ ಕೋಟಿನ ಜೇಬಿಗೆ ಹಾಕಿಕೊಂಡರು.

ವೇದಿಕೆಯ ಮೇಲೆ ಯಜಮಾನರು ಹೆಂಡತಿಯ ಜಾಗದಲ್ಲಿ ನೆಟ್ಟಗೆ ನಿಂತರು. ಮೊದಲ ಹೊಡೆತಕ್ಕೆ ಹಿಟ್ಟಿನ ಮೂಟೆಯಿಂದ ಎದ್ದು ಬಂದವರಂತೆ ಕಂಡರು. ಪುಟ್ಟಿ ಬೆಳಕು ಇಳಿಸಿದಳು. ಎರಡನೆಯದರಲ್ಲಿ ಅಪ್ಪ ಇದ್ದಾರೋ ಇಲ್ಲವೋ ಎಂದು ಹುಡುಕಬೇಕಾಯಿತು. ಫ್ಲ್ಯಾಶಿನ ಸ್ಟ್ಯಾಂಡನ್ನು ಎರಡು ಹೆಜ್ಜೆ ಮುಂದೆ ತಂದಳು, ಕೊಡೆ ತಗ್ಗಿಸಿದಳು, ಬೆಳಕನ್ನು ಒಂದು ಗೆರೆ ಏರಿಸಿದಳು. ಅತ್ತಿಗೆಯ ಬಿಳಿ ಉಡುಗೆ ಬೆಳಕು ಹೆಚ್ಚಾಗಿ ಬರೀ ಬಿಳಿ ಮಚ್ಚೆಯಾಗಬಾರದೆಂದು ಅವಳನ್ನೂ ಪಕ್ಕದಲ್ಲಿ ನಿಲ್ಲಿಸಿ ನೋಡಿದಳು. ಐದನೆಯದಕ್ಕೆ ಎಲ್ಲ ಕೂಡಿಬಂತು: ಚರ್ಮದ ಬಣ್ಣ, ಬಟ್ಟೆಯ ನೆರಿಗೆ, ಅಪ್ಪನ ಹಣೆಯ ಬೆವರು. ಖುಷಿ ತಡೆಯಲಾರದೆ ನಿಂತಲ್ಲೇ ಒಂದು ಸಲ ನೆಗೆದಳು.

"ಎಲ್ಲರೂ ಬನ್ನಿ! ಮೊಬೈಲ್‌ಗಳೆಲ್ಲ ಜೇಬಿಗೆ. ಚಿಕ್ಕಪ್ಪಾ, ನಿಮಗೇ ಹೇಳ್ತಿರೋದು!"

"ನಮ್ಮತ್ತಿಗೆ ಮಲಗೋಕೆ ದಿಂಬು ತಂದಿದ್ದೀರಾ?" ಅಂದ ಚಿಕ್ಕಪ್ಪ, ಮೊಬೈಲು ಜೇಬಿಗೆ ಹಾಕುತ್ತಾ.

"ಬಾಯಿ ಮುಚ್ಚೋ," ಅಂದರು ಅಪ್ಪ.

ಹದಿನಾಲ್ಕು ಜನ ನಿಂತರು. ನಡುವೆ ಅಣ್ಣ, ಅತ್ತಿಗೆ. ಅಣ್ಣನ ಪಕ್ಕ ಅಮ್ಮ, ಅವಳ ಆ ಕಡೆ ಅಪ್ಪ. ಅಮ್ಮನ ಕೈ ಸೆರಗಿನ ತುದಿಯನ್ನು ಹಿಂಡುತ್ತಿತ್ತು. ಒಂದು ಎರಡು ಮೂರು ಎಂದು ಎಣಿಸಿದರೆ ಮೂರಕ್ಕೆ ಸರಿಯಾಗಿ ಅವಳು ಕಣ್ಣು ಬಿಗಿದುಕೊಳ್ಳುತ್ತಾಳೆಂದು ಪುಟ್ಟಿಗೆ ಗೊತ್ತಿತ್ತು. ಎಣಿಸದೆ ಬೆರಳನ್ನು ಗುಂಡಿಯ ಮೇಲಿಟ್ಟಳು.

"ಅಮ್ಮಾ, ನನ್ನ ಲೆನ್ಸ್ ಮೇಲೆ ಧೂಳಿದೆಯಾ ನೋಡು."

ಧೂಳು ಹುಡುಕಿ ಪಳಗಿದ ಕಣ್ಣು ಕೂಡಲೇ ಅಗಲವಾಯಿತು. ಕ್ಲಿಕ್!

ಒಂದೇ ಮಿಂಚು.

"ಮುಚ್ತಾ?" ಅಂದಳು ಅಮ್ಮ. ಪುಟ್ಟಿ ಚಿತ್ರ ದೊಡ್ಡದು ಮಾಡಿದಳು. ಸೀದಾ ವೇದಿಕೆ ಹತ್ತಿ ಕ್ಯಾಮೆರಾವನ್ನೇ ಅಮ್ಮನ ಕೈಗಿಟ್ಟಳು.

ಚಿತ್ರದಲ್ಲಿ ಮಗನ ಪಕ್ಕ ಐವತ್ತರ ಹೆಂಗಸೊಬ್ಬಳು ಕಣ್ಣರಳಿಸಿ ನೋಡುತ್ತಿದ್ದಳು. ಅಮ್ಮ ಅವಳನ್ನು ತುಂಬ ಹೊತ್ತು ನೋಡಿದಳು. "ಕಣ್ಣಂಚಲ್ಲಿ ಗೆರೆ ಬಂದಿದೆ," ಅಂದಳು ಮೆಲ್ಲಗೆ, ಅದೊಂದು ಉಡುಗೊರೆ ಎಂಬಂತೆ. ಅಣ್ಣ ಅವಳನ್ನು ತಬ್ಬಿಕೊಂಡ. ಚಿಕ್ಕಪ್ಪ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಆಗ ಅಪ್ಪ ಬಗ್ಗಿ ನೋಡಿ "ಅಯ್ಯೋ!" ಅಂದರು. ಹದಿಮೂರು ಜನ ಲೆನ್ಸ್ ನೋಡುತ್ತಿದ್ದರು. ಜೀವಮಾನವೆಲ್ಲ ಊರವರಿಗೆ "ಇಲ್ಲಿ ನೋಡಿ, ಇಲ್ಲಿ!" ಎಂದು ಗದರಿದ ಯಜಮಾನರು ಮಾತ್ರ ಕತ್ತು ಪೂರ್ತಿ ತಿರುಗಿಸಿ, ಬಾಯಿ ಅರ್ಧ ತೆರೆದು, ಹೆಂಡತಿಯ ಮುಖವನ್ನೇ ನೋಡುತ್ತಿದ್ದರು.

"ಇನ್ನೊಂದು ತೆಗಿ ಪುಟ್ಟಿ, ನಂದು ಹಾಳಾಗಿದೆ..." ಎನ್ನುತ್ತಿದ್ದವರು ಷರತ್ತು ನೆನಪಾಗಿ ನಾಲಿಗೆ ಕಚ್ಚಿಕೊಂಡರು.

ಅಮ್ಮ ಕ್ಯಾಮೆರಾ ಮಗಳಿಗೆ ಕೊಟ್ಟು, ಎಂಟು ವರ್ಷದಲ್ಲಿ ಮೊದಲ ಸಲ ಯಾರೂ ಕರೆಯದೆ ತನ್ನ ಜಾಗಕ್ಕೆ ಹೋಗಿ ನಿಂತಳು. "ಒಂದ್ಯಾಕೆ, ಹತ್ತು ತೆಗೀಲಿ. ಬನ್ರೀ."

ಹತ್ತಲ್ಲ, ಹನ್ನೆರಡು ತೆಗೆದಳು ಪುಟ್ಟಿ. ಎಲ್ಲದರಲ್ಲೂ ಅಮ್ಮನ ಕಣ್ಣು ತೆರೆದಿತ್ತು, ಎಲ್ಲದರಲ್ಲೂ ಅಪ್ಪನ ಮುಖ ನೇರವಿತ್ತು.

ವಾರದ ನಂತರ ಗಾಜಿನ ಕಪಾಟಿನ ಖಾಲಿ ಜಾಗಕ್ಕೆ ದೊಡ್ಡ ಫೋಟೊ ಏರಿತು. ಆರಿಸಿದವಳು ಅಮ್ಮ, ತಿದ್ದಿದವಳೂ ಅವಳೇ. ಚಿಕ್ಕಪ್ಪನ ಕಾಲರು ಸರಿಮಾಡಿದ್ದಳು, ವೇದಿಕೆಯ ಪರದೆಯ ಕಲೆ ಅಳಿಸಿದ್ದಳು. ಆದರೆ ಅದು ಮೊದಲು ತೆಗೆದ, ಅಪ್ಪ ಅವಳನ್ನೇ ನೋಡುತ್ತಿದ್ದ ಫೋಟೊವೇ. ಅಪ್ಪನ ನೇರ ಮುಖಗಳು ಹನ್ನೆರಡು ಕೈಯಳತೆಯಲ್ಲೇ ಇದ್ದವು, ತಂದು ಕೂರಿಸಲು ಅವಳಿಗೆ ಹತ್ತು ನಿಮಿಷದ ಕೆಲಸ. ಅವಳು ಒಂದನ್ನೂ ಮುಟ್ಟಿರಲಿಲ್ಲ.