ಗುಲಾಬಿ ಹಾಳೆಗೊಂದು ಫೋಟೋ

ಗುಲಾಬಿ ಬಣ್ಣದ ಆ ಹಾಳೆಯ ತಲೆಯ ಮೇಲೆ ‘ದಯವಿಟ್ಟು ಹೆಸರು ಬರೆಯಬೇಡಿ’ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಅದರ ಕೆಳಗೇ ಸಿದ್ದಲಿಂಗೇಶ ಸರ್ ಸ್ಕೇಲು ಹಿಡಿದು ಗೆರೆ ಎಳೆದು ‘ಹೆಸರು, ತಂದೆಯ ಹೆಸರು’ ಎಂದು ಬರೆದಿದ್ದರು. ಪಕ್ಕದಲ್ಲಿ ಫೋಟೋ ಅಂಟಿಸಲು ಒಂದು ಚೌಕವೂ ಇತ್ತು.

ರಾಣೆಬೆನ್ನೂರಿನ ಬೀಜ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಕೆಲಸ ಖಾಲಿ ಇದೆಯೆಂದು ನಾನು ಬ್ಯಾಡಗಿಯಿಂದ ರೈಲು ಹತ್ತಿ ಬಂದಿದ್ದೆ. ಸಿದ್ದಲಿಂಗೇಶ ಸರ್ ಅಲ್ಲಿಯ ಆಫೀಸು ನೋಡಿಕೊಳ್ಳುವವರು. ಅರ್ಜಿ ಹಾಕುವವರಲ್ಲಿ ಹೆಂಗಸರು ಎಷ್ಟು, ಯಾವ ಜಾತಿ ಧರ್ಮದವರು ಎಷ್ಟು, ಅಂಗವಿಕಲರು ಎಷ್ಟು ಎಂದು ಬೆಂಗಳೂರಿನ ಹೆಡ್ ಆಫೀಸಿಗೆ ಗೊತ್ತಾಗಬೇಕಿತ್ತಂತೆ, ಅದಕ್ಕೇ ಈ ಹಾಳೆ. ಯಾರು ಬರುತ್ತಿಲ್ಲವೋ ಅವರನ್ನು ಕರೆತರುವ ದಾರಿ ಹುಡುಕುತ್ತಾರಂತೆ. ಉದ್ದೇಶಕ್ಕೆ ಹೆಸರಿಡುವ ಹಾಗಿರಲಿಲ್ಲ. ಅದರದೇ ಒಂದು ಪೋಸ್ಟರು ಗೋಡೆಯ ಮೇಲಿತ್ತು. ಬಗೆಬಗೆಯ ಬಣ್ಣದ ಜನ ಹಲ್ಲು ಕಿರಿಯುತ್ತ ನಿಂತಿದ್ದರು. ಅವರಲ್ಲಿ ಒಬ್ಬರ ಮುಖದಲ್ಲೂ ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಕಳೆ ಇರಲಿಲ್ಲ.

“ಸರ್, ಹೆಸರು ಬರೀಬ್ಯಾಡ್ರಿ ಅಂತ ಐತಲ್ರಿ?” ಎಂದೆ.

“ನೋಡ ತಂಗಿ, ಹೆಸರಿಲ್ಲದ ಕಾಗದ ಆಫೀಸಿನ್ಯಾಗ ನಿಲ್ಲಂಗಿಲ್ಲ. ನಾಳಿ ಯಾರರೆ ಇದು ಯಾರ್ದು ಅಂತ ಕೇಳಿದ್ರ ನಾ ಏನ್ ಹೇಳ್ಲಿ?”

“ಯಾರೂ ಕೇಳಬಾರ್ದು ಅಂತನ ಹಂಗ ಬರದಾರ್ರಿ.”

“ಕೇಳಬಾರ್ದು ಅಂದ್ರ ಕಾಗದ ಯಾಕ ಕಳಿಸ್ಯಾರ? ಫೋಟೋ ಹಚ್ಚು. ಜಾತಿ ಪ್ರಮಾಣಪತ್ರದ ಝೆರಾಕ್ಸ್ ಲಗೂ ತೊಗೊಂಡ್ ಬಾ.”

ಇವರ ತಪ್ಪೇನಿಲ್ಲ ಬಿಡಿ. ನಮ್ಮ ಕಡೆ ಯಾರಾದರೂ ಜಾತಿ ಕೇಳಿದರೆ ಒಂದೋ ಮೀಸಲಾತಿ ಇರಬೇಕು, ಇಲ್ಲವೇ ಮದುವೆ. ಎರಡಕ್ಕೂ ಫೋಟೋ ಬೇಕು. ಕರ್ಜಗಿಯಿಂದ ಬಂದಿದ್ದ ಕರಬಸಪ್ಪನೆಂಬ ಅಭ್ಯರ್ಥಿ ಅನುಮಾನಕ್ಕೆ ಜಾಗವೇ ಇರಬಾರದೆಂದು ರೇಶನ್ ಕಾರ್ಡನ್ನೂ ಪಿನ್ನು ಹೊಡೆದು ಕೊಟ್ಟ. ಎದುರಿನ ಝೆರಾಕ್ಸ್ ಅಂಗಡಿಯವನಿಗೆ ಅವತ್ತು ಉಸಿರಾಡಲು ಪುರುಸೊತ್ತಿರಲಿಲ್ಲ.

ಧರ್ಮದ ಪ್ರಶ್ನೆಗೆ ನನಗೇನೂ ಹೆದರಿಕೆ ಇರಲಿಲ್ಲ. ಹೆಸರು ಬೇನಜೀರ, ಅಪ್ಪನ ಹೆಸರು ಜಹಾಂಗೀರ. ಮುಚ್ಚಿಟ್ಟರೆ ಯಾರು ನಂಬುತ್ತಾರೆ? ನನ್ನ ಪೆನ್ನು ನಿಂತದ್ದು ಕೊನೆಯ ಪ್ರಶ್ನೆಯ ಮುಂದೆ: ಅಂಗವೈಕಲ್ಯ ಇದೆಯೇ?

ಇದೆ. ಚಿಕ್ಕಂದಿನಲ್ಲಿ ಜ್ವರ ಬಂದು ನನ್ನ ಬಲಗಿವಿ ಹೋಗಿದೆ. ನೋಡಿದವರಿಗೆ ತಿಳಿಯುವುದಿಲ್ಲ. ತಿಳಿದವರು ನಿಲ್ಲುವುದಿಲ್ಲ. ಹಾವೇರಿಯಿಂದ ಬಂದ ಒಂದು ಸಂಬಂಧ ಚಹಾ ಕುಡಿದು, ಅವಲಕ್ಕಿ ತಿಂದು, ಕಿವಿಯ ಸುದ್ದಿ ಕೇಳಿದ ಮೇಲೆ ಎದ್ದು ಹೋಗಿತ್ತು. ಕಾಲೇಜು ಮುಗಿದ ಮೇಲೆ ಒಂದು ಅಂಗಡಿಯ ಕೆಲಸವೂ ಹಾಗೆಯೇ ಹೋಯಿತು. ಕಿವಿಯ ಮಾತು ಬಾಯಿಂದ ಹೊರಗೆ ಬರಬಾರದು ಎಂದು ಅಮ್ಮಿ ಅವತ್ತು ಬೆಳಿಗ್ಗೆ ಸ್ಟೇಷನ್ನಿನವರೆಗೂ ಬಂದು ಹೇಳಿದ್ದಳು. ಈ ಕೆಲಸವೂ ತಪ್ಪಿದರೆ ಮಾರುಕಟ್ಟೆಯಲ್ಲಿರುವ ಅಬ್ಬಾನ ಗೋಣಿಚೀಲದ ಅಂಗಡಿಯಲ್ಲಿ ಮೆಣಸಿನಕಾಯಿ ಘಾಟಿಗೆ ಸೀನುತ್ತ ಕೂರಬೇಕಿತ್ತು. ನನಗೆ ಬೀಜದ ಕೆಲಸವೇ ಬೇಕಿತ್ತು. ನನ್ನ ಫೋಟೋ ನನ್ನನ್ನೇ ನೋಡುತ್ತಿರುವಾಗ ‘ಇಲ್ಲ’ ಎಂದು ಗುರುತು ಹಾಕಿದೆ.

ಸಂದರ್ಶನದ ಕೋಣೆಯಲ್ಲಿ ಮೂವರು ಕೂತಿದ್ದರು. ಗುಲಾಬಿ ಹಾಳೆ ನನ್ನ ಅರ್ಜಿಯ ಮೇಲೆಯೇ ಇತ್ತು. ನಡುವಿನ ಮೀಸೆಯವರು ಅದನ್ನು ಓದಿ ಅರಳಿದರು.

“ಹೆಣ್ಣು. ಮುಸ್ಲಿಂ. ಭಾಳ ಛಲೋ ಆತು ನೋಡ್ರಿ, ಎರಡೂ ಒಬ್ಬಾಕಿಯೊಳಗ ಸಿಕ್ತು!”

ಸಂತೆಯಲ್ಲಿ ಒಂದಕ್ಕೊಂದು ಪುಕ್ಕಟೆ ಸಿಕ್ಕವರ ಹಾಗೆ ಮೂವರೂ ಹಿಗ್ಗಿದರು. ಮೊಳಕೆ ಪರೀಕ್ಷೆಯ ಬಗ್ಗೆ ಕೇಳುತ್ತಾರೆಂದು ನಾನು ರೈಲಿನಲ್ಲೆಲ್ಲ ಓದಿಕೊಂಡು ಬಂದಿದ್ದೆ. ಮೀಸೆಯವರು ಕೇಳಿದ್ದು ಬೇರೆ.

“ಬಿರ್ಯಾನಿ ಮಾಡಾಕ ಬರ್ತೈತೇನು?”

“ಉಣ್ಣಾಕ ಬರ್ತೈತ್ರಿ.”

ನಕ್ಕರು. ಕೆಲಸ ಕೊಟ್ಟೇಬಿಟ್ಟರು. ಅಬ್ಬಾ ಮಾರುಕಟ್ಟೆಯಲ್ಲೆಲ್ಲ ಪೇಡೆ ಹಂಚಿದ. ನಾನೂ ತಿಂದೆ. ಓದಿದ್ದನ್ನು ಒಬ್ಬರೂ ಕೇಳಲಿಲ್ಲ. ಹೇಳಿದ ಸುಳ್ಳು ಮಾತ್ರ ಫೋಟೋ ಸಮೇತ ಅಲ್ಲಿ ಕೂತಿತ್ತು.

ಪೇಡೆ ಕರಗುವ ಮೊದಲೇ ಫೋನು ಬಂತು. ಆಯ್ಕೆ ರದ್ದಾಗಿತ್ತು.

ನನ್ನ ಪಿತ್ತ ನೆತ್ತಿಗೇರಿತು. ಮರುದಿನವೇ ರಾಣೆಬೆನ್ನೂರಿಗೆ ಹೋದೆ. ಅಲ್ಲಿ ಹೆಡ್ ಆಫೀಸಿನ ಸ್ನೇಹಾ ಮೇಡಂ ಬಂದು ಕೂತಿದ್ದರು, ಆ ಗುಲಾಬಿ ಹಾಳೆ ಕಳಿಸಿದವರು ಅವರೇ. ಮುಂದೆ ಫೋಟೋ, ಝೆರಾಕ್ಸು, ರೇಶನ್ ಕಾರ್ಡುಗಳ ಗುಡ್ಡೆ. ತಲೆ ಹಿಡಿದುಕೊಂಡಿದ್ದರು.

“ಸರ್, ಇದು ಗೋಪ್ಯವಾಗಿರಬೇಕಿತ್ತು. ಅದಕ್ಕೇ ಇಡೀ ಆಯ್ಕೆ ರದ್ದು ಮಾಡಬೇಕಾಯಿತು.”

“ಗೋಪ್ಯನ ಐತ್ರಿ ಮೇಡಂ. ಕಪಾಟಿನ್ಯಾಗ ಇಟ್ಟು ಕೀಲಿ ಹಾಕೇನಿ.”

“ಮತ್ತೆ ಸಂದರ್ಶನ ಮಾಡುವವರ ಕೈಗೆ ಹೇಗೆ ಹೋಯಿತು?”

“ನಾನ ಕೀಲಿ ತಗದು ಕೊಟ್ಟೆ. ಅವರಿಗೆ ಅನುಕೂಲ ಆಗ್ಲಿ ಅಂತ.”

ನನಗೆ ತಡೆಯಲಾಗಲಿಲ್ಲ. “ಸರ್, ಲ್ಯಾಬಿಗೆ ಬೀಜದ ಸ್ಯಾಂಪಲ್ ಬರ್ತಾವಲ್ಲ, ಅದರ ಮ್ಯಾಲೆ ಬೆಳೆದವರ ಹೆಸರು ಬರೀತೀರೇನ್ರಿ?”

“ಛೇ ಛೇ, ಬರೇ ನಂಬರ್. ಹೆಸರು ಬರದ್ರ ಪರೀಕ್ಷಾ ಮಾಡಾಂವ ತನ್ನ ಮಾವನ ಹೊಲದ್ದು ಕೊಳತಿದ್ರೂ ಪಾಸ್ ಮಾಡ್ತಾನ.” ಹೇಳುತ್ತ ಹೇಳುತ್ತ ಸರ್ ನಿಧಾನವಾದರು. ಗುಡ್ಡೆ ನೋಡಿದರು. ಮೇಡಂ ಮುಖ ನೋಡಿದರು. “ಹಂಗೇನು? ಇದನ್ನ ಮೊದಲ ಹೇಳಬಾರ್ದೇನ್ರಿ?”

ಎಲ್ಲ ಅಭ್ಯರ್ಥಿಗಳನ್ನೂ ಮತ್ತೆ ಕರೆದರು. ಸರ್‌ಗೆ ಈಗ ಹೊಸ ಹುಚ್ಚು ಹತ್ತಿತ್ತು. ಬಾಗಿಲಲ್ಲೇ ನಿಂತು ಬಂದವರ ಕೈಗೆ ನಂಬರಿನ ಚೀಟಿ ಕೊಟ್ಟರು. “ಅಣ್ಣಾ ನಮಸ್ಕಾರ್ರಿ, ನಾ ಕರಬಸಪ್ಪ” ಎಂದವನಿಗೆ “ಹೆಸರು ಹೇಳಿದ್ರ ಮನೀಗೆ ಕಳಸ್ತೇನಿ” ಎಂದು ಕಣ್ಣು ಬಿಟ್ಟರು. ಬಿರ್ಯಾನಿಯ ಮಾತಿಲ್ಲ. ಪ್ರತಿಯೊಬ್ಬರ ಮುಂದೆ ಒಂದು ತಟ್ಟೆ ಬೀಜ: ಕಲಬೆರಕೆ ಬೇರ್ಪಡಿಸಬೇಕು, ಮೊದಲೇ ನೆನೆಹಾಕಿಟ್ಟ ಬೀಜದ ಮೊಳಕೆ ನೋಡಬೇಕು, ಬರೆದು ಕೊಡಬೇಕು. ಉತ್ತರದ ಹಾಳೆಯ ಮೇಲೆ ನಂಬರು ಮಾತ್ರ. ನನ್ನ ಕೈ ತಾನಾಗಿ ಓಡಿತು. ಅಷ್ಟು ಖುಷಿ ನನಗೆ ಪೇಡೆ ತಿಂದಾಗಲೂ ಆಗಿರಲಿಲ್ಲ.

ಆಮೇಲೆ ಹೊಸ ಗುಲಾಬಿ ಹಾಳೆ. ಗೆರೆಯಿಲ್ಲ, ಚೌಕವಿಲ್ಲ. ಮೂಲೆಯಲ್ಲಿ ಒಂದು ಡಬ್ಬಿ. ಕೊನೆಯ ಪ್ರಶ್ನೆಯ ಮುಂದೆ ಮತ್ತೆ ಪೆನ್ನು ನಿಂತಿತು. ‘ಇದೆ’ ಎಂದು ಗುರುತು ಹಾಕಿ, ಮಡಚಿ, ಡಬ್ಬಿಗೆ ಹಾಕಿ ಬಂದೆ. ಯಾವ ಕಾಗದದ ಮೇಲೂ ನಾನು ಅದನ್ನು ಹಾಗೆ ಬರೆದಿರಲಿಲ್ಲ.

ಮೇಡಂ ನಮ್ಮೆದುರಿಗೇ ಡಬ್ಬಿ ಬಿಚ್ಚಿ ಎಣಿಸಿದರು. “ಕಳೆದ ಸಲ ಅಂಗವಿಕಲರು ಒಬ್ಬರೂ ಇರಲಿಲ್ಲ. ಈಗ ಇಬ್ಬರಿದ್ದಾರೆ.”

“ಅದೆಂಗ್ರಿ? ಅದ ಮಂದಿ ಐತಲ್ಲ!” ಸರ್ ನಮ್ಮನ್ನೆಲ್ಲ ಒಂದು ಕಡೆಯಿಂದ ನೋಡುತ್ತ ಬಂದರು. ಕರಬಸಪ್ಪ ತನ್ನ ಚಪ್ಪಲಿ ನೋಡುತ್ತಿದ್ದ. ಕೇಳಲು ಬಾಯಿ ತೆರೆದ ಸರ್ ಅದೇಕೋ ಹಾಗೆಯೇ ಮುಚ್ಚಿಕೊಂಡರು.

ಫಲಿತಾಂಶಕ್ಕೆ ಸಂಜೆಯವರೆಗೆ ಕಾದೆವು. ಅಂಗಳದಲ್ಲಿ ಬೀಜ ಸ್ವಚ್ಛ ಮಾಡುವ ಯಂತ್ರ ಗುಡುಗುಡು ಎನ್ನುತ್ತಿತ್ತು. ನಾನು ಕಟ್ಟೆಯ ಮೇಲೆ ಕೂತು ಕೈಯಲ್ಲಿದ್ದ ಚೀಟಿಯನ್ನು ಮಡಚಿ ಬಿಚ್ಚಿ ಮಾಡುತ್ತಿದ್ದೆ. ಎದುರು ಕೂತಿದ್ದ ಕರಬಸಪ್ಪ ನನಗೆ ಕೈಸನ್ನೆ ಮಾಡಿದ. ಬಲಕ್ಕೆ ತಿರುಗಿದರೆ ಸಿದ್ದಲಿಂಗೇಶ ಸರ್ ನಿಂತಿದ್ದರು. ಅವರ ಮುಖ ನೋಡಿದರೆ, ಬಹಳ ಹೊತ್ತಿನಿಂದ ಕರೆಯುತ್ತಿದ್ದರು ಅನ್ನಿಸಿತು.

ಆಯಿತು, ಇದೂ ಹೋಯಿತು ಎಂದುಕೊಂಡೆ.

ಸರ್ ಕಟ್ಟೆ ಸುತ್ತು ಹಾಕಿ ಬಂದು ನನ್ನ ಎಡಗಿವಿಯ ಕಡೆ ನಿಂತರು. ಚೀಟಿಯ ನಂಬರು ನೋಡಿದರು.

“ನಿನ್ನ ನಂಬರ್ ಆಯ್ಕೆ ಆಗೇತಿ ತಂಗಿ. ಸೋಮವಾರ ಬಾ,” ಎಂದರು. “ಫೋಟೋ ತರಬ್ಯಾಡ.”