ಕೆಸರಿಗೂ ರಿಕಾಪಿಗೂ ಒಪ್ಪುವ ಬೂಟು

ಅಕ್ಕನಿಗೆ ಬೂಟು ಹುಡುಕುವುದಕ್ಕಿಂತ ಗಂಡು ಹುಡುಕುವುದು ಸುಲಭ ಎಂದು ತಮ್ಮ ದಾರಿಯುದ್ದಕ್ಕೂ ಗೊಣಗುತ್ತಾ ಬಂದ. ಮುರಿದ ಮೂಳೆ ಕೂಡಿಕೊಂಡು ಅವಳು ಓಡಾಡುವಂತಾದಾಗಿನಿಂದ ಇಬ್ಬರೂ ಅಂಗಡಿ ಅಂಗಡಿ ಅಲೆಯುತ್ತಿದ್ದರು. ಒಂದು ಬೂಟಿನ ಜಿಪ್ಪಿಗೆ ಕೆಸರು ಸಿಕ್ಕಿದರೆ ಮುಗಿಯಿತು, ಬಿಚ್ಚಲು ಕತ್ತರಿಯೇ ಬೇಕು. ಇನ್ನೊಂದು ಬರೀ ತೊಗಲು, ನೀರು ಕಂಡರೆ ಕುಡುಕನ ಹಾಗೆ ಹೀರುತ್ತದೆ. ಮತ್ತೊಂದಕ್ಕೆ ಲೇಸು, ಲೇಸಿನ ಕುಣಿಕೆ ಯಾವಾಗ ಎಲ್ಲಿ ಸಿಕ್ಕಿಕೊಳ್ಳುತ್ತದೋ ಯಾರಿಗೆ ಗೊತ್ತು. ಅಕ್ಕ ಪ್ರತಿಯೊಂದಕ್ಕೂ ಒಂದು ಕುಂದು ಹೇಳುತ್ತಿದ್ದಳು. ಹೇಳಿದ್ದೆಲ್ಲ ಸರಿಯಾಗಿಯೇ ಇರುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎನ್ನುವ ಮಾತು ತಮ್ಮನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡ.

ನುಂಗಿಕೊಳ್ಳುವುದು ಅವನ ಜಾಯಮಾನವಲ್ಲ. ಮನೆಯಲ್ಲೂ ಬೀದಿಯಲ್ಲೂ ಅವನ ಹೆಸರೇ ಡೈಲಾಗು. ಅಮ್ಮ ಬೈದರೆ ಎದೆಯ ಮೇಲೆ ಕೈಯಿಟ್ಟುಕೊಂಡು ಗೋಡೆಗೊರಗಿ ಸಾಯುತ್ತಿದ್ದ. ಸತ್ತಮೇಲೂ ಎರಡು ಮಾತಾಡುತ್ತಿದ್ದ. ಒಮ್ಮೆ ಪಕ್ಕದ ಮನೆಯವರ ಕೊಡೆಯೊಳಗೆ ಹಿಟ್ಟು ತುಂಬಿಟ್ಟು, ಮಳೆ ಬರಲಿ ಎಂದು ಇಡೀ ವಾರ ಆಕಾಶ ನೋಡುತ್ತಾ ಕೂತಿದ್ದ. ಅಂಥವನಿಗೆ ಜಗತ್ತಿನಲ್ಲಿ ಒಬ್ಬಳೇ ಹೀರೋ. ಅದು ಅವನ ಅಕ್ಕ.

ಅಕ್ಕ ಊರಾಚೆಯ ಕುದುರೆ ಶಾಲೆಯಲ್ಲಿ ಸವಾರಿಯ ಕೆಲಸದಲ್ಲಿದ್ದಳು. ಯಾರನ್ನೂ ಹತ್ತಿರ ಬಿಟ್ಟುಕೊಳ್ಳದ ಕೆಂಚಿ ಎಂಬ ಕಂದುಬಣ್ಣದ ಹೆಣ್ಣುಕುದುರೆಯನ್ನು ಪಳಗಿಸಿದವಳು ಅವಳೇ. ಅವಳು ಕೆಂಚಿಯ ಮೇಲೆ ಕೂತು ಮೈದಾನ ಸುತ್ತುವಾಗ ತಮ್ಮ ಬೇಲಿಯ ಮೇಲೆ ಕೂತು ಸಿಳ್ಳೆ ಹೊಡೆಯುತ್ತಿದ್ದ. ಹೋದ ಮಳೆಗಾಲದಲ್ಲಿ ಒಂದು ಬೆಳಗ್ಗೆ ಕೆಂಚಿ ಕೆಸರಿನಲ್ಲಿ ಜಾರಿತು. ಅಕ್ಕ ಬಿದ್ದಳು. ಬರೀ ಬಿದ್ದಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಅವಳ ಬೂಟಿನ ಅಡಿಯಲ್ಲಿ ಟ್ರ್ಯಾಕ್ಟರ್ ಗಾಲಿಯಂಥ ಆಳವಾದ ಹಲ್ಲುಗಳಿದ್ದವು. ಕೆಸರಿನಲ್ಲಿ ನಡೆಯಲು ಬಹಳ ಒಳ್ಳೆಯವು. ಆ ಹಲ್ಲು ರಿಕಾಪನ್ನು, ಅಂದರೆ ಸವಾರರು ಕಾಲಿಡುವ ಕಬ್ಬಿಣದ ಬಳೆಯನ್ನು, ಕಚ್ಚಿಕೊಂಡಿತು. ಬೆದರಿದ ಕುದುರೆ ಅವಳನ್ನು ಮೈದಾನದ ಈ ತುದಿಯಿಂದ ಆ ತುದಿಯವರೆಗೆ ಎಳೆದುಕೊಂಡು ಹೋಯಿತು. ಕೊನೆಗೆ ಕಾಲು ಬೂಟಿನಿಂದ ಕಳಚಿತು, ಬೂಟು ರಿಕಾಪಿನಲ್ಲೇ ನೇತಾಡುತ್ತಿತ್ತು. ತಮ್ಮ ಅವತ್ತೂ ಬೇಲಿಯ ಮೇಲಿದ್ದ.

ಆಸ್ಪತ್ರೆಯಲ್ಲಿ ಅವನು, ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಬಿಡು ಎಂದು ಶುರು ಮಾಡಿದ. ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿದಳು. ಆಮೇಲೆ ಪಕ್ಕೆಲುಬು ಕೂಡಿಕೊಂಡಿತು, ಹೆಗಲ ಮೂಳೆ ಕೂಡಿಕೊಂಡಿತು, ನಗು ಮಾತ್ರ ಕೂಡಿಕೊಳ್ಳಲಿಲ್ಲ. ತಪ್ಪೆಲ್ಲ ಬೂಟಿನದು ಎಂದು ಮನೆಮಂದಿಯೆಲ್ಲ ತೀರ್ಮಾನಿಸಿದರು. ಆ ತೀರ್ಮಾನದಲ್ಲಿ ಒಂದು ಸುಖವಿತ್ತು. ಬೂಟನ್ನಾದರೆ ಬದಲಾಯಿಸಬಹುದು.

ಕುದುರೆ ಶಾಲೆಯ ಮೇಷ್ಟ್ರು ಕೆಟ್ಟವರಲ್ಲ, ಬಹಳ ಕಾದರು. ಆದರೆ ನಿಂತಲ್ಲೇ ನಿಂತ ಕುದುರೆ ಕೆಡುತ್ತದೆ. ಸೋಮವಾರ ಬಂದು ಹತ್ತಿದರೆ ಕೆಂಚಿ ನಿನ್ನದೇ, ಇಲ್ಲದಿದ್ದರೆ ಬೇರೆ ಹುಡುಗಿಗೆ ಕೊಡಲೇಬೇಕಾಗುತ್ತದೆ ಎಂದು ಹೇಳಿಕಳಿಸಿದ್ದರು. ಇವತ್ತು ಶನಿವಾರ.

ಈ ಅಂಗಡಿ ಸೇತುವೆಯ ಕೆಳಗಿನ ಗಲ್ಲಿಯಲ್ಲಿತ್ತು. ಹೊರಗೆ ಬೋರ್ಡೂ ಇಲ್ಲ. ಒಳಗೆ ತೊಗಲು, ಮೇಣ, ಒದ್ದೆ ಗೋಣಿಯ ವಾಸನೆ. ಅಂಗಡಿಯಾಕೆ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಯಾವುದೋ ಲಗಾಮಿಗೆ ಹೊಲಿಗೆ ಹಾಕುತ್ತಾ ಕೂತಿದ್ದಳು. ಮೂಲೆಯಲ್ಲಿ ಮರದ ಕುದುರೆ: ಜೀನು ಹಾಕಿದ, ಎರಡು ಕಡೆ ರಿಕಾಪು ನೇತಾಡುವ ದಿಮ್ಮಿ, ತಲೆಯೂ ಇಲ್ಲ ಬಾಲವೂ ಇಲ್ಲ. ಅದರ ಪಕ್ಕದಲ್ಲಿ ತಗಡಿನ ತಟ್ಟೆಯ ತುಂಬ ಕಲಸಿಟ್ಟ ಜೇಡಿಮಣ್ಣು. ಇಲ್ಲಿ ಬೂಟು ಕೊಳ್ಳುವವರು ಮೊದಲು ಕೆಸರು ತುಳಿಯಬೇಕು, ಆಮೇಲೆ ಕಾಲನ್ನು ರಿಕಾಪಿಗಿಟ್ಟು ಹಿಂದಕ್ಕೆಳೆಯಬೇಕು. ಒಣಕಾಲಿನಲ್ಲಿ ಎಲ್ಲ ಬೂಟೂ ಸಭ್ಯಸ್ಥರೇ ಎಂದಳು ಆಕೆ.

ಮರದ ಕುದುರೆಯನ್ನು ನೋಡಿದ್ದೇ ತಮ್ಮನಿಗೆ ಜೀವ ಬಂತು. ಅದರ ಇಲ್ಲದ ತಲೆಯನ್ನು ಸವರಿ, ಅಂಗಡಿಯಾಕೆಯ ಕಡೆ ತಿರುಗಿ ದನಿ ದಪ್ಪ ಮಾಡಿದ.

"ಆಂಟಿ, ಕೆಸರಿಗೂ ಹೆದರಬಾರದು, ಕಬ್ಬಿಣಕ್ಕೂ ಅಂಟಬಾರದು. ಅಂಥ ಬೂಟು ಈ ಭೂಮಿ ಮೇಲೆ ಹುಟ್ಟಿದ್ಯಾ ಇಲ್ವಾ?"

"ಹುಟ್ಟಿದೆ. ನೀನು ಸ್ವಲ್ಪ ಬಾಯಿ ಮುಚ್ಚಿದ್ರೆ ಹುಡುಕಿ ಕೊಡ್ತೀನಿ."

ಆಕೆ ಅಕ್ಕನ ಪಾದವನ್ನು ಬೂಟು ತೊಡಿಸದೆಯೇ ಸುಮ್ಮನೆ ಕೈಯಲ್ಲಿ ಹಿಡಿದು ನೋಡಿದಳು. ಏನಾಗಿತ್ತು ಎಂದು ಕೇಳಲಿಲ್ಲ. ಕಣಕಾಲಿನ ಸುತ್ತ ಉಳಿದಿದ್ದ ಕಲೆಯ ಮೇಲೆ ಹೆಬ್ಬೆರಳು ಆಡಿಸಿ ಎದ್ದುಹೋದಳು.

ಮೊದಲ ಜೋಡಿ ತಟ್ಟೆಯ ಮಣ್ಣಿನಲ್ಲೇ ಜಾರಿತು. ಎರಡನೆಯದು ಕೆಸರನ್ನು ಗಟ್ಟಿಯಾಗಿ ಹಿಡಿಯಿತು, ರಿಕಾಪನ್ನೂ ಹಾಗೇ ಹಿಡಿಯಿತು; ಹಿಂದಕ್ಕೆಳೆದಾಗ ಕಬ್ಬಿಣ ಕಾಲಿನ ಜೊತೆಗೇ ಬಂತು. ಅಕ್ಕನ ಮುಖ ಬಿಳಿಚಿಕೊಂಡಿತು. ಅಂಗಡಿಯಾಕೆ ಅದನ್ನು ತೆಗೆದು ಅವಳ ಕಣ್ಣಿಗೆ ಬೀಳದಂತೆ ಹಿಂದಕ್ಕೆಸೆದಳು. ಮೂರನೆಯ ಜೋಡಿಯನ್ನು ಒಳಗಿನ ಕೋಣೆಯಿಂದ ತಂದಳು. ನೀರಿಳಿಯದ ಹಾಗೆ ಹದ ಮಾಡಿದ ತೊಗಲು, ಮೊಣಕಾಲಿನ ಕೆಳಗಿನವರೆಗೆ. ಜಿಪ್ಪಿಲ್ಲ, ಲೇಸಿಲ್ಲ, ಕಾಲು ತೂರಿಸಿ ಮೇಲಕ್ಕೆಳೆದರಾಯಿತು. ಅಡಿಯಲ್ಲಿ ಮೀನಿನ ಹುರುಪೆಯಂಥ ತೆಳು ಗೀರುಗಳು, ನೀರು ಹರಿದುಹೋಗುವಷ್ಟು ಮಾತ್ರ. ಪಾದ ಮುಂದಕ್ಕೆ ತೂರಿಹೋಗದಂತೆ ಗಿಡ್ಡ ಹಿಮ್ಮಡಿ. ಮೂತಿ ಸಪೂರ, ರಿಕಾಪಿನೊಳಗೆ ಆಚೀಚೆ ಒಂದೊಂದು ಬೆರಳು ಜಾಗ ಉಳಿಯಿತು.

ಅಕ್ಕ ಮಣ್ಣು ತುಳಿದಳು. ಜಾರಲಿಲ್ಲ. ಕಾಲನ್ನು ರಿಕಾಪಿಗಿಟ್ಟು ಎಳೆದಳು. ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಬಂತು. ಅಡ್ಡಡ್ಡ ತಿರುಚಿ ಎಳೆದಳು, ಆಗಲೂ ಬಂತು. ಬಕೆಟ್ಟಿನ ನೀರನ್ನು ಅಂಗಡಿಯಾಕೆ ಬೂಟಿನ ಮೇಲೇ ಸುರಿದಳು. ಒಳಗೆ ಒಂದು ಹನಿ ಇಳಿಯಲಿಲ್ಲ. ಇದಕ್ಕಿಂತ ಒಳ್ಳೆಯದನ್ನು ನನ್ನಿಂದ ತರಿಸಿಕೊಡಲಾಗದು ಎಂದಳು.

ತಮ್ಮ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದ. ಇನ್ನೇನು, ಹೀರೋ ಎಂಟ್ರಿ, ಕ್ಯಾಮೆರಾ ರೆಡಿ, ಗಾಳಿಗೆ ಫ್ಯಾನೂ ನಾನೇ ಎನ್ನುತ್ತಾ ಮೇಜಿನ ಮೇಲಿದ್ದ ರಟ್ಟನ್ನು ಬೀಸತೊಡಗಿದ. ಒಂದು ಸಲ ಹತ್ತು, ಒಂದೇ ಸಲ ಕೂತು ತೋರಿಸು ಎಂದ.

ಅಕ್ಕ ಎಡಗಾಲನ್ನು ರಿಕಾಪಿಗಿಟ್ಟಳು. ಎಡಗೈಯಲ್ಲಿ ಜೀನು ಹಿಡಿದಳು. ಇಲ್ಲಿಂದ ಮುಂದೆ ಒಂದು ಚಿಮ್ಮು, ಅಷ್ಟೇ. ಅವಳು ಸಾವಿರ ಸಲ ಚಿಮ್ಮಿದ್ದನ್ನು ಅವನು ನೋಡಿದ್ದ. ನೆಲಕ್ಕೂ ಗೊತ್ತಾಗದ ಹಾಗೆ ಏಳುತ್ತಿದ್ದಳು. ಅವಳು ಏಳಲಿಲ್ಲ. ರಿಕಾಪು ಮರಕ್ಕೆ ಬಡಿದು ಟಕಟಕ ಸದ್ದಾಗತೊಡಗಿತು. ಮರದ ಕುದುರೆ ಅಲ್ಲಾಡುತ್ತಿಲ್ಲ, ಅಲ್ಲಾಡುತ್ತಿರುವುದು ಅಕ್ಕನ ಕಾಲು ಎಂದು ಅವನಿಗೆ ತಿಳಿಯಲು ತುಸು ಹೊತ್ತು ಹಿಡಿಯಿತು. ರಟ್ಟು ಬೀಸುತ್ತಿದ್ದ ಕೈ ತಾನಾಗಿ ನಿಂತಿತು.

ಕುದುರೆ ಕಂಡರೆ ಕಾಲುನೋವು ಅಂತಾರಲ್ಲ, ಹಾಗಾಯ್ತು ನೋಡು ಎಂದು ನಗಿಸಲು ನೋಡಿದ. ಅವಳು ಕಾಲನ್ನು ಕೆಳಗಿಳಿಸಿದಳು. ಬೂಟು ರಿಕಾಪಿನಿಂದ ಎಷ್ಟು ಸಲೀಸಾಗಿ ಬಂತೆಂದರೆ ಸದ್ದೇ ಆಗಲಿಲ್ಲ.

"ಬೂಟು ಚೆನ್ನಾಗಿದೆ ಕಣೋ" ಎಂದಳು. "ಅದೇ ಕಷ್ಟ."

"ಚೆನ್ನಾಗಿದ್ರೆ ಕಷ್ಟ ಏನೇ?"

"ಇಷ್ಟು ದಿನ ತಪ್ಪೆಲ್ಲಾ ಬೂಟಿನ ಮೇಲೆ ಹಾಕ್ತಿದ್ದೆ. ಇದ್ರ ಮೇಲೆ ಹಾಕೋಕೆ ಏನೂ ಸಿಗ್ತಿಲ್ಲ."

ಆಗ ಅವನಿಗೆ ಅರ್ಥವಾಯಿತು. ಅಷ್ಟೊಂದು ಅಂಗಡಿ ಅಲೆದದ್ದು, ಜಿಪ್ಪು, ಲೇಸು, ಹಿಮ್ಮಡಿ ಎಂದದ್ದು, ಎಲ್ಲವೂ ಸರಿಯಾದ ಬೂಟು ಸಿಗದಿರಲಿ ಎಂದೇ. ಅವನು ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಬೂಟನ್ನು ಅಲ್ಲಿ ಒತ್ತಿ ಇಲ್ಲಿ ಒತ್ತಿ ನೋಡತೊಡಗಿದ. ಮೀನಖಂಡಕ್ಕೆ ಬಿಗಿ ಅಲ್ವಾ ಎಂದು ಕೇಳಿದ. ಇಲ್ಲ ಎಂದಳು. ಹಿಮ್ಮಡಿ ಒಂಚೂರು ಗಿಡ್ಡ ಆಯ್ತು. ಇಲ್ಲ. ಹೊಲಿಗೆ ಬಿಡುತ್ತೆ ನೋಡು, ಈ ಮಳೆಗಾಲವೂ ಬಾಳಲ್ಲ. ಅಂಗಡಿಯಾಕೆ ತಲೆಯೆತ್ತಿ ಏನೋ ಹೇಳಲು ಹೋಗಿ, ಅವನ ಮುಖ ನೋಡಿ, ಹೊಲಿಗೆಗೆ ಮರಳಿದಳು.

"ಏನಾದ್ರೂ ಒಂದು ಕುಂದು ಹೇಳೇ ಅಕ್ಕ" ಎಂದ. ಅವನ ದನಿಯಲ್ಲಿ ಯಾವ ಸಿನಿಮಾವೂ ಇರಲಿಲ್ಲ. "ಒಂದೇ ಒಂದು. ಬೇರೆ ಅಂಗಡಿಗೆ ಹೋಗೋಣ. ನಾಳೆನೂ ಹೋಗೋಣ."

"ಸಾಕು ಬಿಡೋ."

ಅವಳು ಅವನ ತಲೆಗೂದಲನ್ನು ಒಮ್ಮೆ ಕೆದರಿ, ಅಂಗಡಿಯಾಕೆಯನ್ನು ಗಂಬೂಟು ಇದೆಯೇ ಎಂದು ಕೇಳಿದಳು. ಇತ್ತು. ಅಗಲ ಮೂತಿಯ, ದಪ್ಪ ಹಲ್ಲಿನ, ಲಾಯದಲ್ಲಿ ಲದ್ದಿ ಬಾಚುವವರು ಹಾಕುವ ರಬ್ಬರಿನ ಗಂಬೂಟು. ಆಕೆ ಕೊಡುವ ಮುಂಚೆ ಒಂದು ಸಲ ಹೇಳಿದಳು:

"ಇದು ಸವಾರಿಗೆ ಆಗಲ್ಲ ತಾಯಿ. ರಿಕಾಪಿನೊಳಗೆ ಹೋಗೋದೇ ಇಲ್ಲ."

"ಗೊತ್ತು. ಅದಕ್ಕೇ ಕೇಳಿದ್ದು."

ಮೇಷ್ಟ್ರನ್ನು ಲಾಯದ ಕೆಲಸ ಕೇಳುತ್ತೇನೆ ಎಂದಳು. ಕೊಟ್ಟರೆ ಕೆಂಚಿಯ ಮೈ ತಿಕ್ಕಬಹುದು, ಗೊರಸು ಕೆರೆಯಬಹುದು, ಹುಲ್ಲು ಹಾಕಬಹುದು. ಕೆಂಚೀನ ಬಿಟ್ಟು ಇರೋಕೂ ಆಗಲ್ಲ, ಅವಳ ಮೇಲೆ ಕೂರೋಕೂ ಆಗಲ್ಲ. ಬೇರೆ ಹುಡುಗಿ ಕೂತು ಹೋಗುವಾಗ ಲಗಾಮು ಹಿಡಿದು ಅವಳ ಕೈಗೆ ಕೊಡುವುದು ನಾನೇ ಆಗಿರಲಿ. ಇದನ್ನೆಲ್ಲ ಅವಳು ಅಳದೆ ಹೇಳಿದಳು, ನಾಳೆಯ ಅಡುಗೆಗೆ ಏನು ಮಾಡಬೇಕು ಎಂದು ಹೇಳುವವಳ ಹಾಗೆ.

ಹೊಸ ಬೂಟು ಬಿಚ್ಚಬೇಕಿತ್ತು. ಅಂಥ ಉದ್ದದ ಬೂಟನ್ನು ಒಬ್ಬರೇ ಬಿಚ್ಚಲಾಗದು; ಎಳೆಯುವವರು ಬೆನ್ನು ತಿರುಗಿಸಿ, ಆ ಕಾಲನ್ನು ತಮ್ಮ ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಹಿಮ್ಮಡಿ ಹಿಡಿದೆಳೆಯಬೇಕು, ತೊಟ್ಟವರು ಇನ್ನೊಂದು ಕಾಲಿನಿಂದ ಅವರ ಹಿಂಭಾಗಕ್ಕೆ ಒತ್ತಬೇಕು. ಅಕ್ಕ ಸ್ಟೂಲಿನ ಮೇಲೆ ಕೂತು ಕಾಲು ಚಾಚಿದಳು. ತಮ್ಮ ಬೆನ್ನು ತಿರುಗಿಸಿದ. ತಿರುಗಿಸಿದ್ದೇ ಒಳ್ಳೆಯದಾಯಿತು, ಅಷ್ಟು ಹೊತ್ತು ತಡೆದಿದ್ದು ಕಣ್ಣಿನಿಂದ ಮೂಗಿನಿಂದ ಒಟ್ಟಿಗೇ ಇಳಿಯಿತು. ಬೂಟಿನ ಮೇಲೆ ಬಿದ್ದ ಹನಿ ನಿಲ್ಲದೆ ಉರುಳಿಹೋಯಿತು. ಒಳ್ಳೆಯ ತೊಗಲು.

ಎಳೆಯೋ ಎಂದು ಅಕ್ಕ ಬೆನ್ನ ಹಿಂದಿನಿಂದ ಒತ್ತಿದಳು. ಅವನು ಎಳೆದ. ಬೂಟು ಬರಲಿಲ್ಲ. ಇನ್ನೂ ಬಲವಾಗಿ ಎಳೆದ. ಅದು ಇದ್ದಕ್ಕಿದ್ದಂತೆ ಕಳಚಿಕೊಂಡಿತು, ಅವನು ಮುಗ್ಗರಿಸಿ ಮುಂದಿದ್ದ ಜೇಡಿಮಣ್ಣಿನ ತಟ್ಟೆಯೊಳಗೆ ಬೂಟಿನ ಸಮೇತ ಕುಕ್ಕರಿಸಿದ.

ಆಮೇಲೆ ಅಕ್ಕ ನಕ್ಕಳು. ಆಸ್ಪತ್ರೆಗೆ ಸೇರಿದಾಗಿನಿಂದ ಅವನು ಎಷ್ಟು ವೇಷ ಕಟ್ಟಿದರೂ ಬಾರದಿದ್ದ ನಗು. ಪಕ್ಕೆ ಹಿಡಿದುಕೊಂಡು, ನೋವಾಗುತ್ತೆ ನಿಲ್ಲಿಸೋ ಎನ್ನುತ್ತಾ ನಕ್ಕಳು. ಅವನು ಬೇಕೆಂದೇ ಬಿದ್ದ ಎಂದುಕೊಂಡಿದ್ದಳು.

ಅವನು ತಿರುಗಲಿಲ್ಲ. ತಿರುಗಿದರೆ ಅವನ ಮುಖ ಅವಳಿಗೆ ಕಾಣುತ್ತದೆ, ಕಂಡರೆ ಆ ನಗು ನಿಲ್ಲುತ್ತದೆ. ಬೂಟನ್ನು ಎದೆಗವಚಿಕೊಂಡು ಮಣ್ಣಿನಲ್ಲೇ ಕೂತಿದ್ದ.

"ಇನ್ನೊಂದು ಕಾಲು ಬಾಕಿ ಇದೆ ಕಣೋ, ಏಳು" ಎಂದಳು ಅಕ್ಕ, ಇನ್ನೂ ನಗುತ್ತಾ.

ಅವನು ತೋಳಿನಿಂದ ಮುಖ ಒರೆಸಿಕೊಂಡು, ಬೆನ್ನು ಮಾಡಿಕೊಂಡೇ, ಹಿಂದೆ ಹಿಂದೆ ಸರಿದು ಅವಳ ಇನ್ನೊಂದು ಕಾಲಿಗೆ ಕೈ ಹಾಕಿದ.