ಗಿಣ್ಣಿನ ಪಾತ್ರೆ

ಆ ಬೆಳಿಗ್ಗೆ ಫರೀದಾಬಾದಿನಲ್ಲಿ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಬಾಗಿಲು ತೆರೆದ ಶಾರದಮ್ಮನಿಗೆ ತನ್ನ ಮನೆಯ ಗೇಟೇ ಕಾಣಲಿಲ್ಲ. ಎದುರಿನ ಬೇವಿನ ಮರದಿಂದ ನೀರು ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು, ಮರ ಮಾತ್ರ ಇರಲಿಲ್ಲ. ದೂರದಲ್ಲೆಲ್ಲೋ ಕಾರ್ಖಾನೆಯ ಸೈರನ್ ಕೂಗಿತು. ಅದೂ ಕಂಬಳಿಯೊಳಗಿಂದ ಕೂಗಿದ ಹಾಗಿತ್ತು. ಎರಡು ಸಾವಿರದ ಮೂರನೆಯ ಇಸವಿಯ ಜನವರಿ ಅದು. ಶಿವ ಇವತ್ತು ತನ್ನ ಮೈಗೆ ಸಾಲದೆ ಊರಿಗೆಲ್ಲ ವಿಭೂತಿ ಬಳಿದಿದ್ದಾನೆ ಅಂದುಕೊಂಡು ಅವಳು ಕೈ ಮುಗಿದಳು, ಅಂದಾಜಿನ ಮೇಲೆ ಹೊಸಿಲ ಮುಂದೆ ನಾಲ್ಕು ಎಳೆ ರಂಗೋಲಿ ಎಳೆದಳು.

ಗೇಟಿನ ಚಿಲಕ ಸದ್ದಾಯಿತು. ಮಂಜಿನೊಳಗಿಂದ ಮೊದಲು ಬಂದದ್ದು ಒಂದು ಹಿತ್ತಾಳೆಯ ಪಾತ್ರೆ, ಆಮೇಲೆ ಅದನ್ನು ಹಿಡಿದ ಕೈ, ಆಮೇಲೆ ಬಿಮ್ಲಾ.

ಬಿಮ್ಲಾಳ ಮನೆ ಸೆಕ್ಟರು ಎನ್ನುವ ಈ ಹೊಸ ಬಡಾವಣೆಯ ಗೋಡೆಯ ಆಚೆ. ಸೆಕ್ಟರು ಬರುವ ಮೊದಲೇ ಇದ್ದ ಹಳ್ಳಿ. ಈಗ ಅದರ ಹೊಲಗಳೆಲ್ಲ ಮನೆಗಳಾಗಿ, ಹಳ್ಳಿಗೆ ಉಳಿದದ್ದು ಒಂದಿಷ್ಟು ಓಣಿ, ಒಂದಿಷ್ಟು ಕೊಟ್ಟಿಗೆ. ಅವಳ ಗಂಡ ಲಾರಿ ಓಡಿಸುತ್ತ ತಿಂಗಳಿಗೊಮ್ಮೆ ಮುಖ ತೋರಿಸುವವನು. ಮನೆ ನಡೆಯುತ್ತಿದ್ದುದು ಒಂದೇ ಒಂದು ಎಮ್ಮೆಯ ಮೇಲೆ. ಶಾರದಮ್ಮ ದಿನವೂ ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಉಳಿದ ಗಂಜಿ ಎಲ್ಲವನ್ನೂ ಒಂದು ಬಕೆಟ್ಟಿನಲ್ಲಿ ಕೂಡಿಟ್ಟು ಕಲಗಚ್ಚು ಮಾಡಿ ಆ ಎಮ್ಮೆಗೆ ಕಳಿಸುತ್ತಿದ್ದಳು. ದನದ ಬಾಯಿಗೆ ಬೀಳಬೇಕಾದದ್ದನ್ನು ಮೋರಿಗೆ ಸುರಿಯಲು ಅವಳಿಗೆ ಕೈ ಬರುತ್ತಿರಲಿಲ್ಲ. ಪರಿಚಯ ಬೆಳೆದದ್ದು ಹಾಗೆ. ಶಾರದಮ್ಮನಿಗೆ ಹಿಂದಿ ಅರ್ಧ ಬರುತ್ತಿತ್ತು, ಬಿಮ್ಲಾಳಿಗೆ ಕನ್ನಡ ಏನೂ ಬರುತ್ತಿರಲಿಲ್ಲ. ಎಮ್ಮೆಯ ವಿಷಯಕ್ಕೆ ಅಷ್ಟು ಸಾಕಾಗಿತ್ತು.

ನಸುಕಿನಲ್ಲಿ ಎಮ್ಮೆ ಕರು ಹಾಕಿದೆ, ಹೆಣ್ಣು ಕರು ಎಂದು ಬಿಮ್ಲಾ ಹೇಳಿದಳು. ಪಾತ್ರೆಯ ಮೇಲಿನ ಬಟ್ಟೆ ಸರಿಸಿ ತೋರಿಸಿದಳು. ಅರಿಸಿನ ಕಲಸಿದಂಥ ಬಣ್ಣದ, ಗಟ್ಟಿ ಹಾಲು. ಅವರ ಕಡೆ ಅದಕ್ಕೆ ಖೀಸ್ ಅನ್ನುತ್ತಾರೆ, ನಮ್ಮ ಕಡೆ ಗಿಣ್ಣು.

"ಮೊದಲನೇದು ನಿಮಗೇ ಅಮ್ಮಾಜೀ," ಅಂದಳು ಬಿಮ್ಲಾ. "ವರ್ಷವಿಡೀ ನಿಮ್ಮ ಬಕೆಟ್ ತಿಂದಿದೆ ಅದು. ನಾನು ಮರೆತರೂ ಅದು ಮರೆಯೋದಿಲ್ಲ."

ಶಾರದಮ್ಮ ಎರಡೂ ಕೈಯಲ್ಲಿ ಪಾತ್ರೆ ತೆಗೆದುಕೊಂಡಳು. ಎಮ್ಮೆ ಹೇಗಿದೆ ಎಂದು ಕೇಳಿದಳು. ಎಮ್ಮೆ ಚೆನ್ನಾಗಿದೆ, ಕರುವಿನ ಹಿಂದೆ ಬೀಳಬೇಕಾದ ಮಾಸು ಇನ್ನೂ ಬಿದ್ದಿಲ್ಲ, ಬಿದ್ದ ಮೇಲೆ ಕರು ಬಿಡಬೇಕು. ಕೆಚ್ಚಲು ಬಿಗಿದು ತೊಟ್ಟಿಕ್ಕುತ್ತಿತ್ತು, ಅದಕ್ಕೇ ಇಷ್ಟು ಹಿಂಡಿ ತಂದೆ ಎಂದಳು ಬಿಮ್ಲಾ. ಆಮೇಲೆ ತಾನಾಗಿಯೇ ದನಿ ತಗ್ಗಿಸಿ, ಈ ಸಲ ಕರು ಉಳಿದರೆ ಸಾಕು ಅಂದಳು.

ಹೋದ ಸಲದ್ದು ಶಾರದಮ್ಮನಿಗೆ ಗೊತ್ತಿತ್ತು. ಕರು ಎರಡೇ ದಿನಕ್ಕೆ ಸತ್ತುಹೋಗಿತ್ತು. ಕರು ಬಾಯಿ ಹಾಕದೆ ಆ ಎಮ್ಮೆ ಸೊರ ಬಿಡುತ್ತಿರಲಿಲ್ಲ, ಹಾಲನ್ನು ಮೇಲೆಯೇ ಹಿಡಿದುಬಿಡುತ್ತಿತ್ತು. ಸತ್ತ ಕರುವಿನ ಚರ್ಮಕ್ಕೆ ಒಣಹುಲ್ಲು ತುಂಬಿ ಮುಂದೆ ನಿಲ್ಲಿಸಿದರು. ಎಮ್ಮೆ ಅದನ್ನು ಮೂಸಿತು, ನೆಕ್ಕಿತು, ನಾಲ್ಕು ದಿನವಾದ ಮೇಲೆ ಮುಖ ತಿರುಗಿಸಿಬಿಟ್ಟಿತು. ಹಾಲು ಬತ್ತಿತು. ಈ ಸಲವೂ ಹಾಗಾದರೆ ಎಮ್ಮೆಯನ್ನು ವ್ಯಾಪಾರಿಗೆ ಮಾರಿಬಿಡುವುದೇ ಸೈ ಎಂದು ಬಿಮ್ಲಾಳ ಗಂಡ ಹೇಳಿಹೋಗಿದ್ದ.

"ತಿಪ್ಪೇರುದ್ರ ಕಾಯ್ತಾನೆ ಬಿಡು," ಅಂದಳು ಶಾರದಮ್ಮ ಕನ್ನಡದಲ್ಲೇ. ಬಿಮ್ಲಾ ತಲೆಯಾಡಿಸಿದಳು. ದೇವರ ಹೆಸರಿಗೆ ಅನುವಾದ ಬೇಕಿರಲಿಲ್ಲ.

ಒಳಗೆ ತಮ್ಮ ತಿಪ್ಪೇಸ್ವಾಮಿ ಶಾಲು ಹೊದ್ದು, ಕಾಗದಗಳನ್ನು ಹರಡಿಕೊಂಡು ಕೂತಿದ್ದ. ದಿಲ್ಲಿಯ ಒಂದು ಸರ್ಕಾರಿ ಪ್ರಕಟಣಾ ವಿಭಾಗದಲ್ಲಿ ಅವನು ಅನುವಾದಕ. ಮಂಜಿಗೆ ಲೋಕಲ್ ರೈಲು ಎಷ್ಟು ಹೊತ್ತಿಗೆ ಬರುತ್ತದೋ ಯಾರಿಗೂ ತಿಳಿಯದ್ದರಿಂದ ಕೆಲಸವನ್ನು ಮನೆಯಲ್ಲೇ ಬಿಚ್ಚಿದ್ದ. ಈ ಚಳಿಗಾಲವೆಲ್ಲ ಅವನ ಕೈಯಲ್ಲಿದ್ದದ್ದು ರೈತರಿಗಾಗಿ ಒಂದು ಚಿಕ್ಕ ಪುಸ್ತಕ: ಬೇಸಾಯ ಮತ್ತು ದನಕರುಗಳಿಗೆ ಸಂಬಂಧಿಸಿದ ಪದಗಳು, ಒಂದೊಂದಕ್ಕೂ ಎರಡು ಮೂರು ಸಾಲಿನ ವಿವರಣೆ. ಅವನದೊಂದು ಕ್ರಮವಿತ್ತು. ಬರೆದ ವಿವರಣೆಯನ್ನು ಅಕ್ಕನಿಗೆ ಗಟ್ಟಿಯಾಗಿ ಓದಿ ಹೇಳುವುದು. ಅವಳ ಹುಬ್ಬು ಗಂಟಿಕ್ಕಿದರೆ ಹೊಡೆದುಹಾಕಿ ಮತ್ತೆ ಬರೆಯುವುದು. ಹೆಂಡತಿ ತೀರಿಹೋದ ಮೇಲೆ ಮನೆ ನೋಡಿಕೊಳ್ಳಲೆಂದು ಚಳ್ಳಕೆರೆಯ ಕಡೆಯಿಂದ ಬಂದ ಅಕ್ಕ, ಹೀಗೆ ಕಚೇರಿಯ ಕೆಲಸಕ್ಕೂ ಸೇರಿಕೊಂಡಿದ್ದಳು.

ಹೋದ ವಾರ ಅವನು ಕಲಗಚ್ಚಿಗೆ 'ಅಡುಗೆಮನೆಯ ದ್ರವರೂಪದ ತ್ಯಾಜ್ಯ' ಎಂದು ಬರೆದಿದ್ದ. ಅದನ್ನು ಕೇಳಿಸಿಕೊಂಡು ಶಾರದಮ್ಮ, "ಈ ಹೆಸರು ಕೇಳಿದರೆ ಹಸು ಬಕೆಟ್ಟಿಗೆ ಬಾಯೇ ಹಾಕಲ್ಲ ಕಣೋ," ಅಂದಿದ್ದಳು.

ಈಗ ಪಾತ್ರೆಯನ್ನು ಅವನ ಮೂಗಿನ ಹತ್ತಿರ ಹಿಡಿದಳು. ಅವನು ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು, ನಂಬಲಾರದವನಂತೆ ನೋಡಿದ.

"ಗಿಣ್ಣಾ?"

"ಇನ್ನೇನು, ಸುಣ್ಣಾನಾ? ಕೂತ್ಕೋ, ಬೇಯಿಸ್ತೀನಿ. ತಿಂದುಕೊಂಡೇ ಹೋಗು."

ದಿಲ್ಲಿಗೆ ಬಂದಂದಿನಿಂದ ತಿಂದಿಲ್ಲ ಅಕ್ಕ ಎಂದು ಅವನು ಹೇಳಿದ ರೀತಿಗೆ ಅವಳಿಗೆ ಅವನ ಅರ್ಧ ಚಡ್ಡಿಯ ಕಾಲ ನೆನಪಾಯಿತು. ಒಲೆ ಹಚ್ಚಿ ದೊಡ್ಡ ಪಾತ್ರೆಯಲ್ಲಿ ನೀರಿಟ್ಟಳು. ಊರಿನಿಂದ ತಂದ ಬೆಲ್ಲದಲ್ಲಿ ಉಳಿದಿದ್ದದ್ದು ಒಂದು ಅಚ್ಚು. ಅದನ್ನೇ ಕುಟ್ಟಿ ಪುಡಿ ಮಾಡಿದಳು. ಏಲಕ್ಕಿ ಜಜ್ಜಿದಳು. ಈದ ಮನೆಯ ಹಾಲನ್ನು ಪುರುಡು ಕಳೆಯುವ ತನಕ ದೇವರ ಮುಂದಿಡುವ ಹಾಗಿಲ್ಲ. ಹಾಗಾಗಿ ಗೂಡಿನಲ್ಲಿದ್ದ ಪಟದ ಕಡೆ ತಿರುಗಿ, ನಿನಗೆ ಆಮೇಲೆ ಸ್ವಾಮಿ, ಇವನಿಗೆ ಮೊದಲು ಎಂದು ಮನಸ್ಸಿನಲ್ಲೇ ಅಪ್ಪಣೆ ಪಡೆದಳು.

ಒಳಗಿನಿಂದ ತಮ್ಮ ನಗುತ್ತ ಕೂಗಿ ಹೇಳಿದ: ನೋಡು ವಿಚಿತ್ರ, ಇವತ್ತು ನಾನು ಬಂದು ನಿಂತಿರೋದೂ ಗಿಣ್ಣಿನ ಹತ್ತಿರಾನೇ, ಓದ್ತೀನಿ ಕೇಳು. ಓದಿದ.

"ಗಿಣ್ಣು. ಕರು ಹಾಕಿದ ಹಸು ಅಥವಾ ಎಮ್ಮೆಯ ಮೊದಲ ದಿನಗಳ ಗಟ್ಟಿಯಾದ ಹಳದಿ ಹಾಲು. ಹುಟ್ಟಿದ ಒಂದೆರಡು ಗಂಟೆಯೊಳಗೆ ಇದನ್ನು ಕರುವಿಗೆ ಕುಡಿಸಬೇಕು. ಮಾಸು ಬೀಳಲಿ ಎಂದು ಕಾಯಬಾರದು."

ಬೆಲ್ಲದ ತಟ್ಟೆ ಹಿಡಿದುಕೊಂಡೇ ಶಾರದಮ್ಮ ಅಡುಗೆಮನೆಯ ಬಾಗಿಲಿಗೆ ಬಂದಳು. ಹುಬ್ಬು ಗಂಟಿಕ್ಕಿತ್ತು.

"ಇದೇನೋ ಇದು? ಮಾಸು ಬೀಳೋ ಮುಂಚೆ ಕರು ಬಿಟ್ಟರೆ ಮಾಸು ಒಳಗೇ ನಿಂತುಬಿಡುತ್ತೆ ಅಂತ ಅಪ್ಪ ಹೇಳ್ತಿರಲಿಲ್ವ?"

"ಹೇಳ್ತಿದ್ದ. ಡಾಕ್ಟರು ಬರೆದಿರೋದು ಬೇರೆ. ಕರು ಚೀಪಿದರೇ ಮಾಸು ಬೇಗ ಕಳಚುತ್ತಂತೆ."

"ಯಾವ ಡಾಕ್ಟರು?"

ಮೂಲ ಬರೆದವರು ಪಶುವೈದ್ಯರು, ಕೊಟ್ಟಿಗೆಗಳಲ್ಲೇ ವಯಸ್ಸು ಕಳೆದವರು ಎಂದು ತಿಪ್ಪೇಸ್ವಾಮಿ ವಿವರಿಸಿದ. ಮನುಷ್ಯರ ಮಗುವಿಗೆ ತಾಯಿಯ ಕಾವಲು ಹೊಟ್ಟೆಯಲ್ಲಿರುವಾಗಲೇ ಬಹಳಷ್ಟು ಸಿಕ್ಕಿಬಿಡುತ್ತದೆ. ದನದ ಕರುವಿಗೆ ಹಾಗಲ್ಲ. ಅದು ಬರಿಮೈಯಲ್ಲಿ ಹುಟ್ಟುತ್ತದೆ. ರೋಗ ತಡೆಯುವ ಶಕ್ತಿಯೆಲ್ಲ ಅದಕ್ಕೆ ಬರುವುದು ಈ ಹಾಲಿನಿಂದಲೇ. ಹೊತ್ತು ಕಳೆದ ಹಾಗೆಲ್ಲ ಅದರ ಕರುಳಿಗೆ ಅದನ್ನು ಹೀರಿಕೊಳ್ಳುವ ಬಲ ಕಡಿಮೆಯಾಗುತ್ತ ಬರುತ್ತದೆ. ಆಮೇಲೆ ಎಷ್ಟು ಕುಡಿಸಿದರೂ ಬರೀ ಹೊಟ್ಟೆ ತುಂಬುತ್ತದೆ, ಅಷ್ಟೆ.

ಅವನು ಇದನ್ನು ಹೇಳಿದ್ದು ಒಂದು ಸಾಲನ್ನು ಉಳಿಸಿಕೊಳ್ಳುವುದಕ್ಕಾಗಿ. ಅವಳಿಗೆ ಕೇಳಿಸಿದ್ದು ಬೇರೆ. ಅಪ್ಪನ ಕೊಟ್ಟಿಗೆಯಲ್ಲಿ ಕಿವಿ ಜೋಲುಬಿಟ್ಟು ಮಲಗಿದ ಕರುಗಳು ಅವಳ ಕಣ್ಣಮುಂದೆ ಬಂದವು. ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಿದ್ದಳು, ಅಪ್ಪ ಉಣ್ಣದೆ ಗೋದಲಿಯ ಹತ್ತಿರ ಕೂತಿರುತ್ತಿದ್ದ. ಪ್ರೀತಿಗೆ ಕೊರತೆ ಇರಲಿಲ್ಲ. ಹಸುವಿಗೆ ಕೇಡಾಗದಿರಲಿ ಅಂತಲೇ ಕರುವನ್ನು ದೂರ ಕಟ್ಟುತ್ತಿದ್ದರು. ತಿಳಿಯದೆ ಕಟ್ಟಿದ್ದು.

"ಕರು ಕುಡಿದಿಲ್ಲ ಕಣೋ," ಅಂದಳು.

"ಯಾವ ಕರು?"

ಅವಳು ಆಗಲೇ ಒಲೆಯ ಕಡೆ ತಿರುಗಿದ್ದಳು. ಒಲೆಯ ಮೇಲಿನ ನೀರು ಕೈ ತಾಳುವಷ್ಟು ಬಿಸಿಯಾಗಿತ್ತು. ಒಲೆ ಆರಿಸಿ, ಬಿಮ್ಲಾಳ ಪಾತ್ರೆಯನ್ನು ಆ ನೀರಿನಲ್ಲಿ ಸ್ವಲ್ಪ ಹೊತ್ತು ಕೂರಿಸಿ, ಬೆರಳದ್ದಿ ನೋಡಿದಳು. ತಾಯಿಯ ಮೈಯಷ್ಟು ಬೆಚ್ಚಗಾದಾಗ ಎತ್ತಿ, ಒರೆಸಿ, ಸೆರಗಿನೊಳಗೆ ಮುಚ್ಚಿಕೊಂಡಳು. ತಿಪ್ಪೇಸ್ವಾಮಿಗೆ ಆಗ ಅರ್ಥವಾಯಿತು. ಅವನು ಬೆಲ್ಲದ ಪುಡಿಯನ್ನೊಮ್ಮೆ ನೋಡಿದ. ಎದ್ದು ಹೋಗಿ ತನ್ನ ಶಾಲನ್ನು ಅಕ್ಕನ ಭುಜಕ್ಕೆ ಹೊದಿಸಿದ.

ಮಂಜಿನಲ್ಲಿ ಗೋಡೆ ತಡವಿಕೊಂಡು, ಗೋಡೆಯ ಕಿಂಡಿ ದಾಟಿ, ಸಗಣಿಯ ವಾಸನೆ ಹಿಡಿದು ಅವಳು ಕೊಟ್ಟಿಗೆ ಸೇರಿದಳು. ಎಮ್ಮೆ ಒಂದು ಮೂಲೆಯಲ್ಲಿ ನಿಂತು ಸಣ್ಣಗೆ ನರಳುತ್ತಿತ್ತು. ಇನ್ನೊಂದು ಮೂಲೆಯಲ್ಲಿ, ಗೋಣಿಚೀಲದ ಮೇಲೆ, ಕೊರಳಿಗೆ ಕಣ್ಣಿ ಹಾಕಿಸಿಕೊಂಡ ಕರು. ಎದ್ದು ನಿಲ್ಲುವ ಪ್ರಯತ್ನ ಅದು ಆಗಲೇ ಬಿಟ್ಟಹಾಗಿತ್ತು. ಕಿವಿ ಜೋತುಬಿದ್ದಿದ್ದವು. ಬಿಮ್ಲಾ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅದರ ಬೆನ್ನುಜ್ಜುತ್ತಿದ್ದಳು. ಹೋದ ಸಲವೂ ಹೀಗೇ ಮಲಗಿತ್ತು, ಯಾರದೋ ದೃಷ್ಟಿ ಎಂದಳು. ದನಿಯಲ್ಲಿ ಅಳು ಇರಲಿಲ್ಲ, ಅಳುವನ್ನು ದಾಟಿದ ಸುಸ್ತಿತ್ತು.

ಶಾರದಮ್ಮ ಸೆರಗಿನಿಂದ ಪಾತ್ರೆ ತೆಗೆದು ಮುಂದೆ ಹಿಡಿದಳು. ತನಗೆ ಬಂದ ಹಿಂದಿಯಲ್ಲಿ, ಮಾಸಿಗೆ ಕಾಯಬೇಡ, ಇದನ್ನು ಈಗಲೇ ಕರುವಿಗೆ ಕುಡಿಸು ಎಂದಳು.

ಬಿಮ್ಲಾ ಪಾತ್ರೆಯನ್ನು ನೋಡಿದ್ದೇ ಹಿಂದೆ ಸರಿದಳು.

"ವಾಪಸ್ ತಂದ್ರಾ? ನಾಲ್ಕು ಮನೆಗೆ ಮೊದಲು ನಿಮ್ಮ ಮನೆ ಅಂತ ತಂದುಕೊಟ್ಟೆ ಅಮ್ಮಾಜೀ. ಕೊಟ್ಟ ಖೀಸ್ ತಿರುಗಿ ಕೊಟ್ಟಿಗೆಗೆ ಬಂದರೆ ಎಮ್ಮೆ ಬರಡಾಗುತ್ತೆ. ನಾನು ಮುಟ್ಟಲ್ಲ."

ಶಾರದಮ್ಮ ಕೈ ಚಾಚಿಕೊಂಡೇ ನಿಂತಳು. ಇದನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರ ಊರಿನಲ್ಲೂ ಹಾಗೆಯೇ; ಗಿಣ್ಣನ್ನು ಬೇಡವೆಂದು ಹಿಂದಕ್ಕೆ ಕಳಿಸಿದ ಮನೆಯ ಜೊತೆ ಮಾತೇ ನಿಂತುಹೋಗುತ್ತಿತ್ತು. ಡಾಕ್ಟರು ಬರೆದದ್ದನ್ನು ಹೇಳೋಣವೆಂದರೆ ಅವಳ ಹಿಂದಿ ಅಷ್ಟು ದೂರ ನಡೆಯುತ್ತಿರಲಿಲ್ಲ. ಕರು ಒಮ್ಮೆ ಬಾಯಿ ತೆರೆಯಿತು, ಸದ್ದು ಬರಲಿಲ್ಲ. ಸ್ವಾಮಿ, ಮಾತು ಕೊಡು ಎಂದು ಅವಳು ಕಣ್ಣು ಮುಚ್ಚಿದಳು.

"ಬಿಮ್ಲಾ, ಇದು ನನ್ನದು ತಾನೇ? ನೀನು ಕೊಟ್ಟಾಯ್ತು, ನಾನು ತಗೊಂಡಾಯ್ತು."

ಬಿಮ್ಲಾ ಹೌದೆಂದಳು.

"ಹಾಗಾದ್ರೆ ನಾನು ನಿನಗೆ ವಾಪಸ್ ಕೊಡ್ತಿಲ್ಲ. ನಿಮ್ಮನೇಲಿ ಹೆಣ್ಣು ಹುಟ್ಟಿದೆ. ನೋಡೋಕೆ ಬಂದವಳು ನಾನು. ಬರಿಗೈಯಲ್ಲಿ ಬರ್ತಾರಾ?"

ಬಿಮ್ಲಾ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಆಮೇಲೆ, ಮನೆಗೆ ಬಂದ ನೆಂಟರಿಗೆ ಬಿಡುವ ಹಾಗೆ, ಕರುವಿನ ಪಕ್ಕದಲ್ಲಿ ಜಾಗ ಬಿಟ್ಟಳು.

ಶಾರದಮ್ಮ ಗೋಣಿಚೀಲದ ಮೇಲೆ ಕೂತು ಕರುವಿನ ತಲೆಯನ್ನು ತೊಡೆಗೆ ಎಳೆದುಕೊಂಡಳು. ಹಾಲಿನಲ್ಲಿ ಬೆರಳದ್ದಿ ಅದರ ಬಾಯಿಗಿಟ್ಟಳು. ಅದು ಚೀಪಲಿಲ್ಲ. ಮತ್ತೆ ಅದ್ದಿ ಅಂಗುಳಿಗೆ ಸವರಿದಳು. ನಾಲಿಗೆ ಒರಟೊರಟಾಗಿ, ಅನುಮಾನದಲ್ಲಿ ಆಡಿತು. ಅವಳು ಶಿವ ಶಿವ ಎನ್ನುತ್ತ ಬೆರಳನ್ನು ನಿಧಾನವಾಗಿ ಪಾತ್ರೆಯೊಳಗೆ ಇಳಿಸಿದಳು. ಬೆರಳಿನ ಹಿಂದೆಯೇ ಕರುವಿನ ಮೂತಿ ಇಳಿಯಿತು. ಒಂದು ಗುಟುಕು ಇಳಿದದ್ದು ಕೊರಳಲ್ಲಿ ಕಂಡಿತು. ಸ್ವಲ್ಪ ತಡೆದು ಇನ್ನೊಂದು. ಬಿಮ್ಲಾ ತಾನೂ ಅದರ ಜೊತೆಗೇ ನುಂಗುತ್ತಿದ್ದಳು, ಅವಳಿಗೇ ಗೊತ್ತಿಲ್ಲದೆ.

ಪಾತ್ರೆ ಬರಿದಾಗುವ ಹೊತ್ತಿಗೆ ಕಿವಿಯೊಂದು ಮೇಲೆದ್ದಿತ್ತು. ಇಬ್ಬರೂ ಕರುವಿನ ಹೊಟ್ಟೆಯ ಕೆಳಗೆ ಕೈ ಕೊಟ್ಟು ಎತ್ತಿ ನಿಲ್ಲಿಸಿದರು. ಬಿದ್ದಿತು. ಮತ್ತೆ ನಿಲ್ಲಿಸಿದರು. ಕಣ್ಣಿ ಬಿಚ್ಚಿದವಳು ಬಿಮ್ಲಾಳೇ; ಶಾರದಮ್ಮ ಹೇಳಬೇಕಾಗಲಿಲ್ಲ. ತಡವರಿಸುತ್ತ ತಾಯಿಯ ಕಾಲ ನಡುವೆ ನುಗ್ಗಿದ ಕರು ಮೊದಲು ಮೊಣಕಾಲನ್ನು ಚೀಪಿತು, ಆಮೇಲೆ ಮೊಲೆ ಹುಡುಕಿಕೊಂಡಿತು. ಎಮ್ಮೆ ನರಳುವುದನ್ನು ನಿಲ್ಲಿಸಿ ಅದರ ಬಾಲದ ಬುಡವನ್ನು ನೆಕ್ಕತೊಡಗಿತು. ಕರುವಿನ ಕಟವಾಯಿಯಲ್ಲಿ ನೊರೆ ಬಂತು. ಎಮ್ಮೆ ಸೊರ ಬಿಟ್ಟಿತ್ತು.

ಹೊರಡುವಾಗ ಬಿಮ್ಲಾ ಪಾತ್ರೆಗೆ ಕೈ ಚಾಚಿದಳು. ಶಾರದಮ್ಮ ಅದನ್ನು ಮತ್ತೆ ಸೆರಗಿನೊಳಗೆ ಸೇರಿಸಿದಳು. ಗಿಣ್ಣು ತಂದ ಪಾತ್ರೆಯನ್ನು ಖಾಲಿ ಹಿಂದಿರುಗಿಸುವ ಪದ್ಧತಿ ತಮ್ಮಲ್ಲಿಲ್ಲ ಎಂದಳು.

ಮನೆಗೆ ಬಂದಾಗ ತಿಪ್ಪೇಸ್ವಾಮಿ ಇನ್ನೂ ಅಲ್ಲೇ ಇದ್ದ. ರೈಲು ಹೋಯಿತೋ ಇಲ್ಲವೋ ವಿಚಾರಿಸಿದ ಹಾಗಿರಲಿಲ್ಲ. ಅವಳ ಸೀರೆಗೆ ಮೆತ್ತಿದ ಸಗಣಿಯನ್ನೂ ಬರಿದಾದ ಪಾತ್ರೆಯನ್ನೂ ನೋಡಿ ಅವನೇ ಕಾಫಿ ಮಾಡಿ ತಂದ. ಗಿಣ್ಣು ಹೇಗಿರುತ್ತದೆಂದು ಬರೆಯಲು ಇನ್ನು ನೆನಪೇ ಗತಿ ಎಂದು ಅಣಕಿಸಿದ. ನಿನ್ನ ಪುಸ್ತಕದಲ್ಲಿ ಇನ್ನೊಂದು ಸಾಲು ಸೇರಿಸು ಅಂದಳು ಅವಳು. ಕಾಯಬೇಡ, ಕರುವಿಗೇ ಕೊಡು ಅಂತಷ್ಟೇ ಅಂದರೆ ನೆರೆಹೊರೆಯವರಿಗೆ ಕೊಟ್ಟು ಬಾಳಿದವರಿಗೆ ಬೇಜಾರಾಗುತ್ತೆ. ಅವನು ಪೆನ್ನು ತೆಗೆದುಕೊಂಡು, ಅವಳು ಹೇಳಿದಂತೆಯೇ ಬರೆದು, ಓದಿದ:

"ಕರು ಕುಡಿದು ಉಳಿದದ್ದು ಮನೆಯವರಿಗೆ, ನೆರೆಯವರಿಗೆ."

ಹುಬ್ಬು ಗಂಟಿಕ್ಕಲಿಲ್ಲ.

ಮರುದಿನವೂ ಮಂಜಿತ್ತು, ಆದರೆ ಬೇವಿನ ಮರದ ಬುಡ ಕಾಣುವಷ್ಟು ತೆಳುವಾಗಿತ್ತು. ಬಿಮ್ಲಾ ಕಲಗಚ್ಚಿನ ಬಕೆಟ್ಟಿಗೆಂದು ಬಂದಳು. ಮಾಸು ನಿನ್ನೆಯೇ ಬಿತ್ತಂತೆ. ಕರು ಕಣ್ಣಿ ಜಗ್ಗುತ್ತದಂತೆ, ಈಗಲೇ ಹೊಡೆತ ತಿನ್ನುವಷ್ಟು ತುಂಟತನವಂತೆ. ಅವಳು ಬಕೆಟ್ ಎತ್ತಿಕೊಂಡ ಮೇಲೆ ಶಾರದಮ್ಮ ಒಳಗಿನಿಂದ ಹಿತ್ತಾಳೆಯ ಪಾತ್ರೆ ತಂದಳು. ಹುಣಿಸೆಹಣ್ಣು ಹಾಕಿ ಬೆಳಗಿದ್ದಳು. ಒಳಗೆ ಕುಟ್ಟಿದ ಬೆಲ್ಲ, ಮೇಲೆ ಜಜ್ಜಿದ ಏಲಕ್ಕಿ. ಕೊಟ್ಟಿಗೆಯ ಬಾಣಂತಿಗೆ. ಬಿಮ್ಲಾಳ ಖಾಲಿ ಇದ್ದ ಕೈಯನ್ನು ಹಿಡಿದು, ಅದರಲ್ಲಿ ಪಾತ್ರೆಯನ್ನಿಟ್ಟಳು.